ನಲವತ್ತೊಂದನೆಯ ಟಿಪ್ಪಣಿ

ಸಿಲ್ವಿಯು ಬರ್ದ್ಯಾನ್ ದಯೆ ಇಲ್ಲದ ಮನುಷ್ಯ. ಸಿಟ್ಟಿನಿಂದ ಹೇಳುತ್ತಿರುವ ಮಾತಲ್ಲ ಇದು. ಹನ್ನೊಂದು ವರ್ಷಗಳಲ್ಲಿ ನನ್ನ ಮೂರು ಪುಸ್ತಕಗಳು ಅವನ ಪೆನ್ಸಿಲಿನ ಕೆಳಗೆ ಹಾದುಹೋದವು. ಅವನ ಎದುರಿನ ಕುರ್ಚಿಯಲ್ಲಿ ಕೂತು ಅತ್ತ ಲೇಖಕರನ್ನು ಕಣ್ಣಾರೆ ಕಂಡಿದ್ದೇನೆ. ಅವರು ಅಳುತ್ತಿದ್ದಾಗ ಅವನು ಪುಟ ತಿರುಗಿಸುತ್ತಿದ್ದ.

ಬನಾತ್ ಬಯಲಿನ ನಮ್ಮ ಊರಿನಲ್ಲಿದ್ದ ಒಂದೇ ಪ್ರಕಾಶನದಲ್ಲಿ ಅವನು ಕೊನೆಯ ಓದುಗ. ಇತಿಹಾಸ, ಕಟ್ಟಡ, ಗಣಕಯಂತ್ರ, ಈ ಮೂರು ವಿಷಯಗಳ ಪುಸ್ತಕಗಳು ಅವನ ಮೇಜಿಗೆ ಬರುತ್ತಿದ್ದವು. ಕರಡಿನ ಕೊನೆಯ ಹಾಳೆಯಲ್ಲಿ ಅವನು 'ಅಚ್ಚಿಗೆ ಸರಿ' ಎಂದು ಬರೆದು, ತಾರೀಖು ಹಾಕಿ ಸಹಿ ಮಾಡುವ ತನಕ ಮುದ್ರಣಯಂತ್ರ ತಿರುಗುವಂತಿರಲಿಲ್ಲ. ಮೊದಲು ಎಲ್ಲೋ ಲೆಕ್ಕದ ಮೇಷ್ಟರಾಗಿದ್ದನಂತೆ. ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಬೋರ್ಡಿನ ಮೇಲೆ ಬಿಡಿಸಿದ ಲೆಕ್ಕ ತಪ್ಪೆಂದು ಮಕ್ಕಳ ಎದುರಿಗೇ ತೋರಿಸಿ, ಆ ಕೆಲಸ ಕಳೆದುಕೊಂಡು ಇಲ್ಲಿಗೆ ಬಂದಿದ್ದ.

ಅವನ ಹತ್ತಿರ ಮೂರೇ ಪ್ರಶ್ನೆಗಳಿದ್ದವು. ಇತಿಹಾಸದ ಪುಸ್ತಕವಾದರೆ: ಇದನ್ನು ಯಾರು ನೋಡಿದರು? ಕಟ್ಟಡದ್ದಾದರೆ: ಇದು ಯಾವುದರ ಮೇಲೆ ನಿಂತಿದೆ? ಗಣಕದ್ದಾದರೆ: ನಾನು ಮತ್ತೆ ಮಾಡಿದರೆ ಇದೇ ಉತ್ತರ ಬರುತ್ತದೆಯೇ? ಶೈಲಿ ಚೆನ್ನಾಗಿದೆಯೇ, ವಾಕ್ಯಕ್ಕೆ ಲಯವಿದೆಯೇ ಎನ್ನುವುದೆಲ್ಲ ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಶಾಲಾಮಕ್ಕಳಿಗೆಂದು ಬಂದ ಗಣಕ ಪ್ರೋಗ್ರಾಮುಗಳ ಒಂದು ಕಿರುಹೊತ್ತಗೆಯನ್ನು ಯಂತ್ರವಿಲ್ಲದೆ, ಕಾಗದದ ಮೇಲೆ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ನೋಡಿದ. ಹನ್ನೊಂದನೆಯದರ ಪಕ್ಕದಲ್ಲಿ "ಇದು ಪ್ರಳಯದ ತನಕ ನಡೆಯುತ್ತದೆ, ಮುಗಿಯುವುದಿಲ್ಲ" ಎಂದು ಬರೆದು ವಾಪಸು ಕಳಿಸಿದ.

ಅದು ನಗುವ ವಿಷಯ. ಮರದ ಚರ್ಚುಗಳ ಬಗ್ಗೆ ಬರೆದ ಮುದುಕ ಪಾದ್ರಿಯದು ನಗುವ ವಿಷಯವಲ್ಲ. ಪಾದ್ರಿಗೆ ಶ್ವಾಸಕೋಶದ ಕಾಯಿಲೆ. ಪುಸ್ತಕವನ್ನು ಕೈಯಲ್ಲಿ ಹಿಡಿದು ಸಾಯಬೇಕೆಂದು ಕಾಯುತ್ತಿದ್ದರು. ನಲವತ್ತು ಚರ್ಚುಗಳಲ್ಲಿ ಒಂದರ ಗೋಪುರದ ಎತ್ತರವನ್ನು ಅವರು ಕಣ್ಣಳತೆಯಲ್ಲಿ ಬರೆದಿದ್ದು ಬರ್ದ್ಯಾನ್‌ಗೆ ಗೊತ್ತಾಯಿತು. ಕೆಸರು ಒಣಗಿ ದಾರಿ ಬಿಡುವ ತನಕ ಕಾದು, ಆಳು ಕಳಿಸಿ ಅಳೆಸಿದ. ಕಣ್ಣಳತೆಗೂ ಹಗ್ಗದಳತೆಗೂ ಒಂದು ಗೇಣಿನ ವ್ಯತ್ಯಾಸ. ಪುಸ್ತಕ ಬರುವ ಹೊತ್ತಿಗೆ ಪಾದ್ರಿಯನ್ನು ಮಣ್ಣು ಮಾಡಿ ಮೂರು ವಾರವಾಗಿತ್ತು. ನಾನು ಕೇಳಿದಾಗ ಅವನು ಹೇಳಿದ್ದಿಷ್ಟು: ಪಾದ್ರಿ ಒಬ್ಬರು, ಓದುವವರು ಮೂರು ಸಾವಿರ ಜನ. ಅವರಿಗೆ ಅಳತೆಪಟ್ಟಿ ಹಿಡಿದು ಹೊರಡಲು ಬಿಡುವಿಲ್ಲ, ಅದಕ್ಕೇ ಅವರ ಬದಲಿಗೆ ನಾನು ಅನುಮಾನ ಪಡುತ್ತೇನೆ.

ಆ ಮೂರು ಸಾವಿರ ಜನರ ಬಗ್ಗೆ ಅವನ ತಿಳುವಳಿಕೆ ಮಾತ್ರ ಸರಿಯಾಗಿತ್ತು. ಆ ಕಾಲದಲ್ಲಿ ನಮ್ಮ ಜನ ಪುಸ್ತಕವನ್ನು ಹಿಂದಿನಿಂದ ಓದುತ್ತಿದ್ದರು. ಅಂಗಡಿಯಲ್ಲಿ ಕೋಟು ಬಿಚ್ಚದೆ ನಿಂತು, ಮುನ್ನುಡಿಯನ್ನು ಹಾರಿಸಿ, ಸೀದಾ ಕೊನೆಯ ಟಿಪ್ಪಣಿಗಳಿಗೆ ಹೋಗುತ್ತಿದ್ದರು. ಮುನ್ನುಡಿ ಪುಸ್ತಕಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಮಿತಿಗಾಗಿ, ಟಿಪ್ಪಣಿ ತಮಗಾಗಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಸಮಿತಿಯವರು ಅಷ್ಟು ಸಣ್ಣ ಅಕ್ಷರ ಓದುತ್ತಿರಲಿಲ್ಲ.

ಸಾವಿರದ ಒಂಬೈನೂರ ಎಂಬತ್ತಾರರ ಫೆಬ್ರವರಿಯಲ್ಲಿ ನನ್ನ ನಾಲ್ಕನೆಯ ಪುಸ್ತಕ ಅವನ ಮೇಜಿನ ಮೇಲಿತ್ತು. ನಮ್ಮ ಊರಿನ ದೊಡ್ಡ ಮಾರುಕಟ್ಟೆಯ ಚರಿತ್ರೆ ಅದು. ಪಕ್ಕಪಕ್ಕದಲ್ಲಿ ಎರಡು ತೆಳು ಕಾಂಕ್ರೀಟ್ ಕಮಾನುಗಳು, ಅವು ಸೇರುವಲ್ಲಿ ಉದ್ದಕ್ಕೂ ಒಂದು ತಗ್ಗು. ಗಣಕಯಂತ್ರದಿಂದ ಲೆಕ್ಕ ಹಾಕಿಸಿ ಕಟ್ಟಿದ ನಮ್ಮ ಮೊದಲ ಛಾವಣಿ. ಕಟ್ಟಿದ ಮರುವರ್ಷ, ಅರವತ್ತೆರಡರಲ್ಲಿ, ಹಿಮ ಬಿದ್ದ ಒಂದು ಭಾನುವಾರ ಬೆಳಗ್ಗೆ ಆ ತಗ್ಗು ಕುಸಿಯಿತು. ಕಾವಲುಗಾರನ ಕಾಲು ಮುರಿಯಿತು. ಸೋಮವಾರವಾಗಿದ್ದರೆ ನೂರು ಹೆಣ ಬೀಳುತ್ತಿದ್ದವು. ಲೆಕ್ಕದ ಅಂಕಿಗಳನ್ನು ಕಾಗದದ ಪಟ್ಟಿಯ ಮೇಲೆ ತೂತುಗಳಾಗಿ ಹೊಡೆದು ಯಂತ್ರಕ್ಕೆ ಉಣಿಸುತ್ತಿದ್ದ ಹುಡುಗಿಯ ಕೈತಪ್ಪೇ ಕಾರಣವೆಂದು ತನಿಖಾ ಸಮಿತಿ ಬರೆಯಿತು. ನಾನೂ ಹಾಗೆಯೇ ಬರೆದೆ, ಹೆಸರು ಸಮೇತ: ಎರ್ನಾ ಶೂಸ್ಟರ್. ಯಂತ್ರದ ಕೆಲಸದಿಂದ ತೆಗೆದ ಮೇಲೆ ಅವಳು ಇಪ್ಪತ್ತನಾಲ್ಕು ವರ್ಷದಿಂದ ಟ್ರಾಮ್ ಡಿಪೋದ ಗೂಡಿನಲ್ಲಿ ಕೂತು ಚೀಟಿ ಹರಿಯುತ್ತಿದ್ದಳು. ಅವಳನ್ನು ಹೋಗಿ ಕಾಣಬೇಕೆಂದು ನನಗೆ ಅನ್ನಿಸಿರಲಿಲ್ಲ. ಮೊಹರು ಬಿದ್ದ ವರದಿ ನನ್ನ ಬಳಿ ಇತ್ತು.

ಬುಧವಾರ ಅವನು ನನ್ನನ್ನು ಕರೆಸಿದ. ಕೋಣೆಯಲ್ಲಿ ಶಾಖ ಇರಲಿಲ್ಲ. ಬೆರಳ ತುದಿ ಕತ್ತರಿಸಿದ ಕೈಗವುಸು ಹಾಕಿಕೊಂಡು ಕೂತಿದ್ದ.

"ಯಾರು ನೋಡಿದ್ರು, ಮೇಡಮ್?"

ತನಿಖಾ ಸಮಿತಿಯ ವರದಿ ಇದೆ ಎಂದೆ.

"ಸಮಿತಿ ಆ ತೂತುಪಟ್ಟೀನ ನೋಡಿತ್ತಾ?"

ವರದಿ ಏಳು ಪುಟ. ನಾಲ್ಕು ಸಲ ಓದಿದ್ದೆ. ಪಟ್ಟಿಯನ್ನು ಬಿಚ್ಚಿ ನೋಡಿದೆವು ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲವೆಂದು ನನಗೆ ಹೊಳೆದದ್ದು ಆಗಲೇ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಬರುವ ಸೋಮವಾರ ಮಧ್ಯಾಹ್ನ ನಮ್ಮ ಪುಸ್ತಕಕ್ಕೆ ಮುದ್ರಣಯಂತ್ರ ಬಿಟ್ಟುಕೊಟ್ಟಿದ್ದರು. ಆ ಸರದಿ ತಪ್ಪಿದರೆ ಮುಂದಿನದು ಯಾವಾಗಲೋ, ಕಾಗದ ಇರುತ್ತದೋ ಇಲ್ಲವೋ. ಹಾಗಾದರೆ ಆ ಒಂದು ವಾಕ್ಯ ತೆಗೆದುಬಿಡುತ್ತೇನೆ ಎಂದೆ. ತೆಗೆದರೆ ಗುಮಾನಿ ಅವಳ ಮೇಲೇ ಉಳಿಯುತ್ತದೆ, ಓದುಗನಿಗೆ ಛಾವಣಿ ಯಾಕೆ ಬಿತ್ತು ಅಂತಲೂ ಗೊತ್ತಾಗುವುದಿಲ್ಲ ಎಂದ. ಆಮೇಲೆ ಮೇಜಿನ ಕೆಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ಎತ್ತಿಟ್ಟ.

ನನಗೆ ಹೇಳದೆ ಅವನು ಎರ್ನಾಗೆ ಕಾರ್ಡು ಬರೆದಿದ್ದ. ಪಟ್ಟಿ ಹೊಡೆಯುವ ಹುಡುಗಿಯರು ಪ್ರತಿಯೊಂದನ್ನೂ ಎರಡೆರಡು ಸಲ ಹೊಡೆದು, ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿಯುತ್ತಿದ್ದರು. ಎಲ್ಲ ತೂತಿನಿಂದಲೂ ಬೆಳಕು ಬಂದರೆ ಸರಿ, ಎಲ್ಲಾದರೂ ಮುಚ್ಚಿಕೊಂಡರೆ ತಪ್ಪು. ಒಂದು ಪಟ್ಟಿ ಯಂತ್ರಕ್ಕೆ ಹೋಗುತ್ತಿತ್ತು, ಜೋಡಿಯನ್ನು ಹುಡುಗಿ ಇಟ್ಟುಕೊಳ್ಳುತ್ತಿದ್ದಳು. ಎರ್ನಾ ಆ ಜೋಡಿಯನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದಳು; ಡಬ್ಬಿಯಲ್ಲಿದ್ದದ್ದು ಅದೇ. ಅವಳು ನಮ್ಮ ಕಡೆಯ ಜರ್ಮನ್ ಮನೆತನದವಳು; ದೇಶ ಬಿಡುವ ಕಾಗದ ಕೈಗೆ ಬಂದಿತ್ತು, ಮಾರ್ಚಿನಲ್ಲಿ ಹೊರಡುವವಳಿದ್ದಳು. ಹೊರಡುವ ಮೊದಲು ತನ್ನ ಹೆಸರಿನ ಮೇಲಿನ ಮಸಿ ತನ್ನದೋ ಅಲ್ಲವೋ ಎಂದು ತಿಳಿಯಬೇಕು ಅಂದಿದ್ದಳಂತೆ. ಹೊರಟ ಮೇಲೆ ಅವಳಿಗೆ ಇದನ್ನು ಕೇಳುವ ಜಾಗವೇ ಇರುವುದಿಲ್ಲ.

ಎಂಜಿನಿಯರರ ಕೈಬರಹದ ಲೆಕ್ಕದ ಹಾಳೆಗಳು ನನ್ನ ಬಳಿ ಇದ್ದವು. ಪಟ್ಟಿಯ ಜೊತೆ ಹೋಲಿಸಲು ಬೇಕೆಂದ, ಮರುದಿನ ತಂದುಕೊಟ್ಟೆ. ಆ ಹಾಳೆಗಳ ಕೆಳಗಿದ್ದ ಸಹಿ ಓಲಾರು ಅವರದು. ಆಗ ಅವರು ಮುಖ್ಯ ಎಂಜಿನಿಯರು, ಈಗ ಪ್ರೊಫೆಸರು, ನನ್ನ ಪುಸ್ತಕಕ್ಕೆ ಒಪ್ಪಿಗೆ ಕೊಟ್ಟ ಸಮಿತಿಯಲ್ಲಿ ಹಿರಿಯರು.

ಶುಕ್ರವಾರ ಓಲಾರು ಫೋನ್ ಮಾಡಿದರು. ಯಾರು ಕಿವಿಗೆ ಹಾಕಿದರೋ ಕಾಣೆ. ಕುಶಲ ವಿಚಾರಿಸಿದರು, ನನ್ನ ಮಂಡಿನೋವಿಗೆ ಒಬ್ಬ ವೈದ್ಯರ ಹೆಸರು ಹೇಳಿದರು. ಕೊನೆಗೆ ಬಂತು ಮಾತು:

"ವರದಿಗೆ ಮೊಹರಿದೆ, ಡಾಕ್ಟರ್ ಮೇಡಮ್. ಬಿಸ್ಕತ್ತಿನ ಡಬ್ಬಿಗೆ ಯಾವ ಮೊಹರಿದೆ? ನೀವು ಒಂದು ವಾಕ್ಯ ಬದಲಾಯಿಸಿದ್ರೆ, ನಾವು ಇಡೀ ಪುಸ್ತಕಾನೇ ಇನ್ನೊಂದ್ಸಲ ನೋಡ್ಬೇಕಾಗುತ್ತೆ. ನಮಗೂ ವಯಸ್ಸಾಯ್ತು, ನಿಧಾನಕ್ಕೆ ಓದ್ತೀವಿ."

ಡಬ್ಬಿಯ ವಿಷಯ ಅವರಿಗೆ ಗೊತ್ತಿತ್ತು ಎಂಬುದೇ ನನ್ನನ್ನು ಹೆದರಿಸಿತು. ನಾಲ್ಕು ವರ್ಷದ ಕೆಲಸ ಆ ಪುಸ್ತಕ. ನಾನು ಬರ್ದ್ಯಾನ್‌ನ ಕೋಣೆಗೆ ಹೋಗಿ ನಿಲ್ಲಿಸು ಎನ್ನಬಹುದಿತ್ತು. ಹೋದೆ. ಅವನು ಕಿಟಕಿಯ ಬಳಿ ನಿಂತು, ಪಟ್ಟಿಯನ್ನು ಗಾಜಿಗೆ ಒತ್ತಿ ಹಿಡಿದು, ತೂತುಗಳನ್ನು ಎಣಿಸುತ್ತ ಅಂಕಿಗಳನ್ನು ಪಿಸುಗುಟ್ಟುತ್ತಿದ್ದ. ಇನ್ನೂರನೆಯ ಸಾಲಿನಲ್ಲಿದ್ದ. ಒಟ್ಟು ಆರುನೂರ ಹನ್ನೆರಡು. ಓಲಾರು ಹೇಳಿದ್ದನ್ನು ಹೇಳಿದೆ. ತಿರುಗಿಯೂ ನೋಡದೆ, ಬೆಳಕಿಗೆ ಅಡ್ಡ ನಿಲ್ಲಬೇಡಿ ಎಂದ.

ಮುದ್ರಣಾಲಯದ ಫೋರ್‌ಮನ್ ಯೋವಾ ಶನಿವಾರ ಎರಡು ಸಲ ಬಂದು ಇಣುಕಿದ. ಎರಡನೆಯ ಸಲ ನನ್ನ ಕಡೆ ತಿರುಗಿ, "ಈ ಯಪ್ಪ ಸ್ವರ್ಗಕ್ಕೆ ಹೋದ್ರೂ ಬಾಗಿಲು ಕಾಯೋ ಸಂತ ಪೇತ್ರು ಕೈಲಿರೋ ಹೆಸರಿನ ಪಟ್ಟೀನ ತಿದ್ದಿಯೇ ಒಳಗೆ ಹೋಗೋದು. ಹಿಂದೆ ಕ್ಯೂ ನಿಂತೋರ ಗತಿ ನೋಡ್ಕೊಳ್ಳಿ ಮೇಡಮ್," ಅಂದ. ಯಾರೂ ನಗಲಿಲ್ಲ. ಸೋಮವಾರ ಹನ್ನೆರಡಕ್ಕೆ ಸಹಿಯಾದ ಹಾಳೆ ಕೆಳಗೆ ಬರದಿದ್ದರೆ ಯಂತ್ರಕ್ಕೆ ಬೇರೆಯವರ ಕೆಲಸ ಏರಿಸುತ್ತೇನೆ ಎಂದು ಹೇಳಿ ಹೋದ.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಬರ್ದ್ಯಾನ್ ನನ್ನೆದುರು ಒಂದು ಹಾಳೆ ಇಟ್ಟ. ಹಿಮದ ಭಾರದ ಅಂಕಿಗಳು ಕೈಬರಹದಲ್ಲಿ ಹೇಗಿದ್ದವೋ ಪಟ್ಟಿಯಲ್ಲೂ ಹಾಗೇ ಇದ್ದವು. ಗಾಳಿ ಹಿಮವನ್ನೆಲ್ಲ ಗುಡಿಸಿ ತಂದು ತುಂಬುವ ಆ ತಗ್ಗಿಗೆ, ಸಮತಟ್ಟಾದ ಛಾವಣಿಗೆ ಹಾಕುವಷ್ಟೇ ಭಾರವನ್ನು ಓಲಾರು ಬರೆದುಕೊಟ್ಟಿದ್ದರು. ಹುಡುಗಿ ಕೊಟ್ಟದ್ದನ್ನು ಹೊಡೆದಿದ್ದಳು. ಯಂತ್ರ ಕೇಳಿದ್ದಕ್ಕೆ ಉತ್ತರ ಹೇಳಿತ್ತು.

ಅವನು ದಾರಿಯನ್ನೂ ಯೋಚಿಸಿಟ್ಟಿದ್ದ. ಒಳಗಿನ ವಾಕ್ಯ ಹೀಗಿರಲಿ: 'ತನಿಖಾ ಸಮಿತಿ ಇದನ್ನು ಅಂಕಿ ಉಣಿಸುವಾಗಿನ ತಪ್ಪೆಂದು ಹೇಳಿತು.' ಸಮಿತಿ ಹಾಗೆ ಹೇಳಿದ್ದು ನಿಜ, ಓಲಾರು ತಕರಾರು ಮಾಡುವಂತಿಲ್ಲ. ಹೆಸರು ಬೇಡ. ವಾಕ್ಯದ ಕೊನೆಗೆ ನಲವತ್ತೊಂದು ಎಂಬ ಪುಟ್ಟ ಅಂಕಿ. ಹಿಂದೆ, ಸಣ್ಣಕ್ಷರದಲ್ಲಿ, ಟಿಪ್ಪಣಿ. ಅದನ್ನು ಅವನೇ ಶಾಯಿಯಲ್ಲಿ ಬರೆದಿದ್ದ:

'ತೂತುಪಟ್ಟಿಯನ್ನು ಲೆಕ್ಕದ ಹಾಳೆಗಳ ಜೊತೆ ಸಾಲುಸಾಲಾಗಿ ಹೋಲಿಸಲಾಗಿದೆ: ೬೧೨ ಸಾಲು. ಒಂದು ಸಾಲಿನಲ್ಲಿ ತಪ್ಪಿದೆ, ಪರಿಣಾಮವಿಲ್ಲ. ಹಿಮದ ಭಾರ ಎರಡರಲ್ಲೂ ಒಂದೇ. ಕಮಾನುಗಳ ನಡುವಿನ ತಗ್ಗಿಗೂ ಸಮತಲದ ಭಾರವನ್ನೇ ಕೊಡಲಾಗಿದೆ.'

ಒಂದು ಸಾಲಿನಲ್ಲಿ ಏನು ತಪ್ಪು ಎಂದು ಕೇಳಿದೆ.

"ಮುನ್ನೂರ ಎಂಟು. ಹಾಳೆಯಲ್ಲಿ ಒಂದು, ಪಟ್ಟಿಯಲ್ಲಿ ಏಳು. ಓಲಾರು ಒಂದಕ್ಕೆ ಉದ್ದ ಮೂಗು ಇಡ್ತಾರೆ, ಏಳರ ಹಾಗೆ ಕಾಣುತ್ತೆ. ಪಕ್ಕದ ತೊಲೆಯ ಲೆಕ್ಕ ಅದು. ಭಾರ ಜಾಸ್ತಿ ಅಂದ್ಕೊಂಡು ಯಂತ್ರ ತೊಲೇನ ದಪ್ಪ ಮಾಡ್ಸಿದೆ, ಅಷ್ಟೆ. ಬಿದ್ದಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ."

"ಸಂಬಂಧ ಇಲ್ಲದ್ದು ಯಾಕೆ ಬೇಕು? ತೆಗೆದುಹಾಕಿ. ಓಲಾರು ಕಣ್ಣಿಗೆ ಬಿದ್ರೆ ಆ ಒಂದು ಮಾತು ಸಾಕು ಅವ್ರಿಗೆ, ಮತ್ತೆ ಅವಳ ಮೇಲೇ ಹಾಕೋಕೆ."

"ಇದೆ ಮೇಡಮ್. ಇರೋದನ್ನ ಬರೀಬೇಕು. ನಾವು ಒಂದು ಬಿಟ್ವಿ ಅಂತ ಗೊತ್ತಾದ್ರೆ ಉಳಿದ ಆರುನೂರ ಹನ್ನೊಂದನ್ನೂ ಯಾರೂ ನಂಬಲ್ಲ."

ಅವನ ಮಾತು ಸರಿಯಾಗಿತ್ತು. ಇತಿಹಾಸ ಓದಿದ ನಾನು ಹೇಳಬೇಕಾಗಿದ್ದ ಮಾತದು. ಆದರೂ ಕಲ್ಲಿಗೆ ತಲೆ ಚಚ್ಚಿಕೊಂಡಂತಾಯಿತು.

ಹತ್ತೂವರೆಗೆ ಎರ್ನಾ ಬಂದಳು. ಡಿಪೋದ ನೀಲಿ ಕೋಟಿನಲ್ಲೇ, ಪಾಳಿಯ ನಡುವೆ. ಐವತ್ತರ ಹತ್ತಿರದ, ಗಟ್ಟಿಮುಟ್ಟಾದ ಹೆಂಗಸು. ಕೂರಲಿಲ್ಲ. ನನ್ನನ್ನು ನೋಡಿದಳು. ನಾನು ಯಾರೆಂದು ಅವಳಿಗೆ ಗೊತ್ತಿತ್ತೆಂದು ಕಾಣುತ್ತದೆ, ನಮಸ್ಕಾರ ಹೇಳಲಿಲ್ಲ. ಬರ್ದ್ಯಾನ್ ಹಿಮದ ಭಾರದ ವಿಷಯವನ್ನು ಎರಡು ಮಾತಿನಲ್ಲಿ ಹೇಳಿದ. ಅವಳು ತಲೆಯಾಡಿಸಿದಳು, ಮುಖ ಸಡಿಲಾಗಲಿಲ್ಲ.

"ನಂದು ಎಷ್ಟು ತಪ್ಪಿತ್ತು ಸಾರ್?"

ಅವನು ಮೇಜಿನ ಮೇಲಿದ್ದ ಪಟ್ಟಿಯನ್ನು ಕೈಗೆ ತೆಗೆದುಕೊಂಡ. ಅವಳೇ ಮುಂದುವರಿಸಿದಳು. "ಒಂದಿರಬೇಕು. ನಂಗೊತ್ತು. ಒಂದು ಕಡೆ ಅಂಕಿ ಅರ್ಥ ಆಗ್ಲಿಲ್ಲ, ಒಂದೋ ಏಳೋ ಅಂತ. ಕೇಳೋಣ ಅಂತ ಎದ್ದೆ, ಸಾಹೇಬ್ರು ಊಟಕ್ಕೆ ಹೋಗಿದ್ರು. ಕೂತ್ಬಿಟ್ಟೆ. ಏನೋ ಒಂದು ಹೊಡ್ದೆ. ಏನು ಹೊಡ್ದೆ ಅಂತ ಇವತ್ತಿಗೂ ನೆನಪಿಲ್ಲ. ಪಟ್ಟಿ ಮನೇಲೇ ಇತ್ತು, ಬಿಚ್ಚಿ ನೋಡೋ ಧೈರ್ಯ ಬರ್ಲಿಲ್ಲ. ಚೀಟಿ ಹರೀವಾಗೆಲ್ಲ ಅದೇ ಕಾಣುತ್ತೆ."

ಬರ್ದ್ಯಾನ್ ಪಟ್ಟಿಯನ್ನು ಸುತ್ತಿ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದ.

"ಒಂದು ಅಂತಲೇ ಹೊಡೆದಿದ್ದೀರಿ," ಅಂದ. "ಸರಿಯಾಗಿದೆ. ಒಂದೂ ತಪ್ಪಿಲ್ಲ."

ಅವಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಸಂತೆಯಲ್ಲಿ ತಕ್ಕಡಿ ನೋಡುವ ಹಾಗೆ. ಆಮೇಲೆ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು, ಪಾಳಿಗೆ ಹೊತ್ತಾಯಿತು ಎಂದು ಹೊರಟಳು. ಮೆಟ್ಟಿಲಿನಲ್ಲಿ ಅವಳ ಬೂಟಿನ ಸದ್ದು ನಿಂತಿತು.

ಅವನು ಟಿಪ್ಪಣಿಯ ಹಾಳೆಯನ್ನು ಹತ್ತಿರ ಎಳೆದುಕೊಂಡ. ಡ್ರಾಯರಿನಿಂದ ಅರ್ಧ ಬ್ಲೇಡು ತೆಗೆದು 'ಒಂದು ಸಾಲಿನಲ್ಲಿ ತಪ್ಪಿದೆ, ಪರಿಣಾಮವಿಲ್ಲ' ಎಂಬ ಮಾತಿನ ಮೇಲೆ ಶಾಯಿ ಹೋಗುವ ತನಕ ನಿಧಾನವಾಗಿ ಕೆರೆದ. ಕಾಗದ ಹರಿಯದಂತೆ ಎಚ್ಚರ ವಹಿಸಿದ. ಎದ್ದ ನಾರನ್ನು ಉಗುರಿನಿಂದ ನಯಮಾಡಿ, ಪುಡಿಯನ್ನು ಊದಿ, ಹಾಳೆಯನ್ನು ನನ್ನ ಕಡೆಗೆ ತಳ್ಳಿದ. ನಾನು ಏನಾದರೂ ಹೇಳುವ ಮೊದಲೇ ಕರಡಿನ ಕೊನೆಯ ಹಾಳೆ ತೆಗೆದು 'ಅಚ್ಚಿಗೆ ಸರಿ' ಎಂದು ಬರೆದ.