ಮಗಳ ಕಾಲಿಗೆ ಕಟ್ಟಿದ ಹರಕೆ

ಹರಕೆ ಹೊರುವುದರಲ್ಲಿ ಸುಧಾಮಣಿ ಎತ್ತಿದ ಕೈ. ಮದುವೆಯಾಗಿ ವರ್ಷಗಟ್ಟಲೆ ಮಕ್ಕಳಾಗದಿದ್ದಾಗ ಮಲೆ ಮಹದೇಶ್ವರನಿಗೆ, ಅವಳ ಬಾಯಲ್ಲಿ ಮಾದಪ್ಪನಿಗೆ, ಹೊತ್ತಳು. ಹುಟ್ಟಿದ ಹೆಣ್ಣಿಗೆ ಮಹದೇವಿ ಎಂದೇ ಹೆಸರಿಟ್ಟಳು. ಗಂಡ ನೀಲಕಂಠಸ್ವಾಮಿ ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಸಾಗಿಸುವವನು. ರಾತ್ರಿ ಬಂಡೀಪುರದ ಕಾಡಿನ ಗೇಟು ಹಾಕುವುದರೊಳಗೆ ದಾಟಿಬಿಡಬೇಕೆಂದು ಜೋರಾಗಿ ಓಡಿಸಿ, ಗಾಡಿ ಮಗುಚಿ, ಅವನು ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದಾಗ ತನ್ನ ಮುಡಿ ಹೊತ್ತಳು. ಅವನು ಎದ್ದು ಕೂತ ಮೇಲೆ ಬೆಟ್ಟಕ್ಕೆ ಹೋಗಿ ತಲೆ ಬೋಳಿಸಿಕೊಂಡು ಬಂದಳು. ಬದನಗುಪ್ಪೆಯ ಬಟ್ಟೆ ಕಾರ್ಖಾನೆಯಲ್ಲಿ ಜೊತೆಯ ಹೆಂಗಸರು ನಕ್ಕರು. ಅವಳು ಸೆರಗು ಹೊದ್ದು ಹೊಲಿಗೆ ಮುಂದುವರಿಸಿದಳು. ಮನುಷ್ಯರಿಗೆ ಕೊಟ್ಟ ಮಾತು ಹೆಚ್ಚುಕಡಿಮೆಯಾದೀತು, ದೇವರಿಗೆ ಕೊಟ್ಟದ್ದು ಆಗಕೂಡದು ಎನ್ನುವುದು ಅವಳ ಕಟ್ಟುನಿಟ್ಟು.

ಅಲ್ಲಿಯವರೆಗೆ ಹೊತ್ತದ್ದೆಲ್ಲ ಅವಳ ಮೈಯಿಂದಲೇ ತೀರಿತ್ತು. ಮಗಳ ಓಟದ ವಿಷಯದಲ್ಲಿ ಹಾಗಾಗಲಿಲ್ಲ.

ಮಹದೇವಿ ಎಂಟು ನೂರು ಮೀಟರ್ ಓಡುವವಳು. ಮೈದಾನಕ್ಕೆ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಇರುವ ಬಲವನ್ನೆಲ್ಲ ಸುರಿದರೆ ಎರಡನೆಯದಕ್ಕೆ ಉಸಿರಿರುವುದಿಲ್ಲ. ಉಳಿಸಿಕೊಂಡು ಓಡಿದರೆ ಮುಂದೆ ಹೋದವರು ಕೈಗೆ ಸಿಗುವುದಿಲ್ಲ. ಚಾಮರಾಜನಗರದ ಜಿಲ್ಲಾ ಕ್ರೀಡಾಂಗಣದಲ್ಲಿ ಈ ಲೆಕ್ಕಾಚಾರವನ್ನು ಅವಳ ತಲೆಗೆ ತುಂಬಿದವರು ತರಬೇತುದಾರ ಮೃತ್ಯುಂಜಯ. ಸುಧಾಮಣಿಗೆ ಓಟ ಅರ್ಥವಾಗುತ್ತಿರಲಿಲ್ಲ. ಏಷ್ಯಾ ಮಟ್ಟದ ಕಿರಿಯರ ಕೂಟಕ್ಕೆ ಆಯ್ಕೆ ನಡೆಯಲಿದೆ ಎಂದು ತಿಳಿದಾಗ ತನಗೆ ಅರ್ಥವಾಗುವ ಕೆಲಸವನ್ನು ಮಾಡಿದಳು. ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿ, ‘ನನ್ನ ಮಗಳು ಆರಿಸಿ ಬಂದರೆ ಅವಳನ್ನೇ ಬರಿಗಾಲಲ್ಲಿ ಬೆಟ್ಟಕ್ಕೆ ನಡೆಸಿಕೊಂಡು ಬರುತ್ತೇನೆ’ ಎಂದು ಹೊತ್ತಳು. ಮಗಳನ್ನು ಕೇಳಲಿಲ್ಲ. ಕೇಳಬೇಕೆಂದು ಅನಿಸಲೂ ಇಲ್ಲ.

ಮಹದೇವಿ ಆಯ್ಕೆಯಾದಳು. ಪ್ರಯಾಣಕ್ಕೆ ಮೊದಲು ಮನೆಗೆ ಹೋಗಿ ಬರಲು ತರಬೇತಿ ಶಿಬಿರದಿಂದ ಒಂದು ವಾರದ ರಜೆ ಸಿಕ್ಕಿತು. ಕಾಲಿಗೆ ವಿಶ್ರಾಂತಿ ಕೊಡು, ಹಗುರವಾಗಿ ಓಡು, ಬೇರೇನೂ ಮಾಡಬೇಡ ಎಂದು ಮೃತ್ಯುಂಜಯ ಹೇಳಿ ಕಳಿಸಿದ್ದರು. ಮನೆಗೆ ಬಂದವಳ ಮುಂದೆ ಸುಧಾಮಣಿ ಮುಡಿಪು ಇಟ್ಟಳು.

“ಓಡಿ ಬಂದ್ಮೇಲೆ ತೀರ್ಸನ ಕಣವ್ವ.”

“ಹರಕೆ ಬಾಕಿ ಇಟ್ಕಂಡು ಸಮುದ್ರ ದಾಟ್ತಾರೇನಮ್ಮಿ? ಅಲ್ಲಿ ಏನಾರ ಆದ್ರೆ?”

“ಸರ್ ಬೈತಾರೆ.”

“ಸರ್‌ಗೆ ಯಾಕ್ ಹೇಳ್ಬೇಕು? ಭೀಮನಬೀಡಲ್ಲಿ ಮದ್ವೆ ಅನ್ನು. ನಿನ್ ಸೋದರಮಾವನ್ ಮನೇಲಿ ವರ್ಷಕ್ಕೊಂದ್ ಮದ್ವೆ ಇದ್ದೇ ಇರ್ತದೆ.”

ತಾಯಿ ಮಗಳು ಚಾಮರಾಜನಗರದಿಂದ ಹೊರಟು, ಕೊಳ್ಳೇಗಾಲ ಹನೂರಿನ ಮೇಲೆ ನಡೆದರು. ಟಾರು ಕಾದಿತ್ತು. ಸುಧಾಮಣಿಯ ಅಂಗಾಲು ಹೊಲದಲ್ಲಿ ಬೆಳೆದ ಅಂಗಾಲು. ಜಲ್ಲಿಯ ಮೇಲೂ ಅದಕ್ಕೆ ಚಿಂತೆಯಿಲ್ಲ. ಮಹದೇವಿಯದು ವರ್ಷಗಳಿಂದ ಮೆತ್ತನೆಯ ಬೂಟಿನೊಳಗೆ ಇದ್ದದ್ದು. ಹನೂರು ದಾಟುವಾಗ ಅವಳು ಪಾದವನ್ನು ಓರೆಯಾಗಿ ಊರತೊಡಗಿದಳು. ಜೊತೆಯ ಯಾತ್ರಿಕನೊಬ್ಬ, “ಇದೇನ್ಲಾ, ಪೇಪರ್ನಲ್ಲಿ ಬಂದ ಓಟಗಾರ್ತಿ ಮುದುಕೀರಿಗಿಂತ ಹಿಂದೆ ಬಿದ್ದವ್ಳೆ!” ಎಂದು ತನ್ನ ಗೆಳೆಯನಿಗೆ ಹೇಳಿ ನಗಿಸಿದ. ಮಹದೇವಿಯೂ ನಕ್ಕಳು. ತಾಳಬೆಟ್ಟದಿಂದ ಮೇಲಕ್ಕೆ ಹತ್ತುವಾಗ ನಗಲಿಲ್ಲ. ಸುಧಾಮಣಿ ಇದನ್ನು ನೋಡಿದಳು. ಬೊಕ್ಕೆ ಎದ್ದಿರಬೇಕು, ಬೇವಿನೆಣ್ಣೆ ಹಚ್ಚಿದರಾಯಿತು ಎಂದುಕೊಂಡಳು. ಬೊಕ್ಕೆ ಒಣಗಿತು. ಮಹದೇವಿ ವಿಮಾನ ಹತ್ತಿದಳು.

ಪ್ರಾಥಮಿಕ ಸುತ್ತಿನ ಓಟವನ್ನು ಮನೆಯವರು ಮೊಬೈಲಿನಲ್ಲಿ ನೋಡಿದರು. ಮಹದೇವಿ ಐದನೆಯವಳಾಗಿ ತಿರುವಿಗೆ ಬಂದು, ಕೊನೆಯ ನೇರದಲ್ಲಿ ಇಬ್ಬರನ್ನು ಹಿಂದೆ ಹಾಕಿ ಫೈನಲ್‌ಗೆ ಸೇರಿದಳು. ಪಕ್ಕದ ಮನೆಯ ಗುರುಮಲ್ಲಮ್ಮ ಬೆಲ್ಲ ಹಂಚಿದಳು. ನೀಲಕಂಠಸ್ವಾಮಿ ಆ ವಿಡಿಯೊವನ್ನು ಮಾರುಕಟ್ಟೆಯಲ್ಲಿ ಸಿಕ್ಕಸಿಕ್ಕವರಿಗೆ ತೋರಿಸಿದ. ಫೈನಲ್‌ನಲ್ಲಿ ಪದಕ ಬಂದರೆ ರೈಲ್ವೆಯಲ್ಲಿ ಕೆಲಸ ಖಂಡಿತ ಎಂದು ಯಾರೋ ಅವನಿಗೆ ಹೇಳಿದ್ದರು.

ಮರುದಿನ ಕಾರ್ಖಾನೆಯಲ್ಲಿ ಚಹಾದ ಹೊತ್ತಿಗೆ ಮಗಳ ಫೋನು ಬಂತು. ಫೈನಲ್ ಅದರ ಮರುದಿನ.

“ಅವ್ವ, ಒಬ್ಳೇ ಇದ್ದೀಯಾ?”

“ಇದ್ದೀನಿ ಹೇಳು.”

“ಕಾಲು ಊರಕ್ಕಾಗ್ತಿಲ್ಲ. ಬೆಟ್ಟಕ್ಕೆ ನಡ್ದಾಗ್ಲಿಂದ ನೋವು. ಬೆರಳ ಹಿಂದ್ಲ ಮೂಳೆ. ಒತ್ತುದ್ರೆ ಕಣ್ಣಲ್ಲಿ ನೀರ್ ಬತ್ತದೆ.”

“ಡಾಕ್ಟ್ರಿಗೆ ತೋರ್ಸು ಮತ್ತೆ!”

“ತೋರ್ಸುದ್ರೆ ಓಡಕ್ ಬುಡಲ್ಲ. ಎರಡೇ ಸುತ್ತು, ಹಲ್ ಕಚ್ಕಂಡು ಓಡ್ಬುಡ್ತೀನಿ. ಯಾರ್ಗೂ ಹೇಳ್ಬೇಡ. ಸರ್‌ಗಂತೂ ಹೇಳ್ಲೇಬೇಡ. ಮಾದಪ್ಪನಾಣೆ ಅನ್ನು.”

“ಏನಮ್ಮಿ ನಿಂದು...”

“ಅನ್ನವ್ವ. ಇಲ್ದಿದ್ರೆ ನಿಂಗೆ ಯಾಕಾದ್ರೂ ಹೇಳುದ್ನೋ ಅಂತೀನಿ.”

“ಮಾದಪ್ಪನಾಣೆ,” ಎಂದಳು ಸುಧಾಮಣಿ.

ಗಂಟೆ ಹೊಡೆಯಿತು. ಅವಳು ಯಂತ್ರದ ಮುಂದೆ ಹೋಗಿ ಕೂತಳು. ಕಾಲರಿನ ಹೊಲಿಗೆ ಎರಡು ಸಲ ತಪ್ಪಿತು. ಮೇಲ್ವಿಚಾರಕಿ ಬಂದು ಗದರಿದಳು. ಸುಧಾಮಣಿಯ ಕಣ್ಣಿನ ಮುಂದೆ ಇದ್ದದ್ದು ಮೊಬೈಲಿನಲ್ಲಿ ನೋಡಿದ ಓಟ. ಒಬ್ಬಳ ಬೆನ್ನಿಗೆ ಒಬ್ಬಳು, ಮೊಣಕೈಗೆ ಮೊಣಕೈ. ಮುಳ್ಳಿನ ಬೂಟು ಹಾಕಿದ ಆ ಗುಂಪಿನ ನಡುವೆ ಒಂದು ಕಾಲು ಕೈಕೊಟ್ಟರೆ ಬೀಳುವುದು ಎಲ್ಲಿಗೆ, ಮೇಲೆ ತುಳಿಯುವವರು ಎಷ್ಟು ಜನ? ಓಡುವುದು ಅರ್ಥವಾಗದವಳಿಗೂ ಬೀಳುವುದು ಅರ್ಥವಾಗುತ್ತಿತ್ತು. ಹನೂರಿನ ಆಚೆ ಓರೆಯಾಗಿ ಊರುತ್ತಿದ್ದ ಪಾದ ಅವಳಿಗೆ ಈಗ ನೆಟ್ಟಗೆ ಕಂಡಿತು. ಅದನ್ನು ಅಂದೇ ನೋಡಿದ್ದಳು. ನೋಡಿಯೂ ನಡೆಸಿದ್ದಳು.

ಹೇಳಿದರೆ ಆಣೆ ಮುರಿಯುತ್ತದೆ. ದೇವರ ವಿಷಯದಲ್ಲಿ ಒಂದು ಕಾಸಿನಷ್ಟೂ ಬಾಕಿ ಇಡದವಳು ಅವಳು. ಹೇಳದಿದ್ದರೆ ಮಗಳ ಕಾಲು.

ಪಾಳಿ ಮುಗಿಯುವವರೆಗೆ ಕಾಯಲಿಲ್ಲ. ಅನುಮತಿ ಕೇಳಿ, ಬೈಸಿಕೊಂಡು, ಬಸ್ಸು ಹಿಡಿದು ನೇರ ಕ್ರೀಡಾಂಗಣಕ್ಕೆ ಬಂದಳು. ಮೃತ್ಯುಂಜಯ ಮಕ್ಕಳಿಗೆ ಓಟದ ಅಭ್ಯಾಸ ಮಾಡಿಸುತ್ತಿದ್ದರು. ನಗುತ್ತಾ ಎದುರು ಬಂದರು.

“ಏನಮ್ಮ, ಸಿಹಿ ಎಲ್ಲಿ?”

ಸುಧಾಮಣಿ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಮದುವೆಯ ಸುಳ್ಳು, ಬರಿಗಾಲು, ತಾಳಬೆಟ್ಟ, ಫೋನು. ತನ್ನ ಪರವಾಗಿ ಏನನ್ನೂ ಸೇರಿಸಲಿಲ್ಲ. ಮೃತ್ಯುಂಜಯರ ಮುಖ ಕಪ್ಪಿಟ್ಟಿತು.

“ನೂರು ಕಿಲೋಮೀಟ್ರು? ಬರಿಗಾಲಲ್ಲಿ? ನಿಮ್ಗೆ ಬುದ್ಧಿ ಇದೆಯೇನಮ್ಮ! ನಾಲ್ಕು ವರ್ಷ ಆ ಕಾಲನ್ನ ಮೊಟ್ಟೆ ಕಾದಂಗೆ ಕಾದಿದ್ದೀನಿ ನಾನು.”

“ಬೈರಿ ಸಾ. ಮೊದ್ಲು ಫೋನ್ ಮಾಡಿ, ಆಮೇಲೆ ಬೈರಿ.”

ಅವರು ಫೋನು ತೆಗೆದರು. ತಾವು ಬೆಳೆಸಿದ ಹುಡುಗಿ ಏಷ್ಯಾದ ಫೈನಲ್‌ನಲ್ಲಿ ನಿಲ್ಲುವುದನ್ನು ಅವರೂ ಕಾದವರೇ. ಆದರೂ ತಂಡದ ವೈದ್ಯರಿಗೆ ಫೋನು ಮಾಡಿದರು.

ಮರುದಿನ ಮೊಬೈಲಿನಲ್ಲಿ ಏಳು ಹುಡುಗಿಯರು ಓಡಿದರು. ಮಹದೇವಿಯ ಓಟದ ಪಟ್ಟೆ ಖಾಲಿಯಿತ್ತು. ನೀಲಕಂಠಸ್ವಾಮಿ ಪರದೆಯನ್ನೇ ನೋಡುತ್ತಾ ಕೂತಿದ್ದ.

“ಆಣೆ ಇಟ್ಟು ಮುರಿದ್ಯಲ್ಲ, ನೀನು!”

“ಮುರ್ದೆ. ಅದು ನಂಗೂ ಮಾದಪ್ಪಂಗೂ ಬುಟ್ಟದ್ದು. ಅವ್ಳ ಕಾಲ್ಗೆ ತಗಲ್ದಿದ್ರೆ ಸಾಕು.”

ಮಹದೇವಿ ಕಾಲಿಗೆ ಪಟ್ಟಿ ಬಿಗಿಸಿಕೊಂಡು ಮನೆಗೆ ಬಂದಳು. ಮೂಳೆಯಲ್ಲಿ ಕೂದಲೆಳೆಯ ಬಿರುಕು. ಓಡಿದ್ದರೆ ಎರಡು ಹೋಳಾಗುತ್ತಿತ್ತು, ಈಗ ತಿಂಗಳುಗಟ್ಟಲೆ ಬಿಡುವು ಕೊಟ್ಟರೆ ಕೂಡೀತು ಎಂದು ವೈದ್ಯರು ಹೇಳಿದ್ದರು. ಅಪ್ಪನ ಜೊತೆ ಮಾತಾಡಿದಳು. ಅವ್ವನ ಜೊತೆ ಇಲ್ಲ. ಬಡಿಸಿದ್ದನ್ನು ಉಂಡಳು, ತಟ್ಟೆ ತೊಳೆದಿಟ್ಟಳು. ಬೀದಿಯಲ್ಲಿ, ಅಷ್ಟು ದೂರ ಹೋದವಳು ಓಡದೇ ಬಂದಳಂತೆ ಎಂಬ ಮಾತು ಸುತ್ತುತ್ತಿತ್ತು.

ಒಂದು ಸಂಜೆ ಗುರುಮಲ್ಲಮ್ಮ ಬಂದು ಜಗಲಿಯಲ್ಲಿ ಕೂತಳು. “ಮಾದಪ್ಪ ಮುನ್ಸ್ಕಂಡವ್ನೆ ಕಣೆ ಸುಧಾ. ತಪ್ಪು ಕಾಣಿಕೆ ಎತ್ತಿಡು. ಕಾಲು ವಾಸಿಯಾಗ್ಲಿ ಅಂತ ಇನ್ನೊಂದು ಹೊತ್ಕೊ.”

“ತಪ್ಪು ಕಾಣಿಕೆ ನಾನು ಕೊಡ್ತೀನಿ. ಇವ್ಳ ಕಾಲ್ಗೆ ಇನ್ನೇನೂ ಹೊರಲ್ಲ. ಇವ್ಳನ್ನ ಕೇಳ್ದೆ ಹೊತ್ತಿದ್ದೇ ತಪ್ಪಾಯ್ತು.”

ಒಳಗಿಂದ ಮಹದೇವಿಯ ಧ್ವನಿ ಬಂತು. ಊರಿಗೆ ಬಂದ ಮೇಲೆ ತಾಯಿಗೆ ಆಡಿದ ಮೊದಲ ಮಾತು.

“ಸರ್‌ಗೆ ಹೇಳುವಾಗ ಕೇಳುದ್ಯಾ?”

ಗುರುಮಲ್ಲಮ್ಮ ಎದ್ದು ಹೋದಳು. ಸುಧಾಮಣಿ ಬಾಗಿಲಲ್ಲಿ ನಿಂತಳು. ಮಗಳು ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು.

“ಇಲ್ಲ, ಕೇಳ್ಲಿಲ್ಲ. ಅದ್ನ ಇನ್ನೊಂದ್ಸಲ ಬೇಕಾದ್ರೂ ಹೇಳ್ತೀನಿ.”

“ನನ್ ಕಾಲು, ನನ್ ಓಟ. ಎರಡ್ಸಲವೂ ನೀನೇ ತೀರ್ಮಾನ ಮಾಡ್ದೆ.”

ಒಂದು ತಪ್ಪು, ಇನ್ನೊಂದು ಸರಿ ಎಂದು ಸುಧಾಮಣಿಗೆ ಖಚಿತವಿತ್ತು. ಎರಡನ್ನೂ ಮಾಡಿದ ಕೈ ಒಂದೇ ಎಂಬುದೂ ಅಷ್ಟೇ ಖಚಿತವಾಯಿತು.

“ಸೋಮವಾರ ಮೈಸೂರ್ ಆಸ್ಪತ್ರೇಲಿ ಕಾಲು ತೋರ್ಸಬೇಕು,” ಎಂದಳು ಮಹದೇವಿ. “ಸರ್ ಜೊತೆ ಹೋಗ್ತೀನಿ. ನೀನು ಬರ್ಬೇಡ.”

ಸೋಮವಾರ ಬೆಳಿಗ್ಗೆ ಮಗಳು ಊರುಗೋಲು ಊರಿಕೊಂಡು ಆಟೊ ಹತ್ತಿದಳು. ಕೈ ಹಿಡಿಯಲು ಸುಧಾಮಣಿ ಹೆಜ್ಜೆ ಇಟ್ಟಳು, ನಿಂತಳು. ಆಟೊ ಹೋದ ಮೇಲೆ ಊಟದ ಡಬ್ಬಿ ಎತ್ತಿಕೊಂಡು ಬದನಗುಪ್ಪೆಯ ಬಸ್ಸಿಗೆ ನಡೆದಳು.