ಲೋಕಲ್ ಆಧಾರ್‌ಗೆ ರೂಮಿಲ್ಲ

ಇಂಗ್ಲೆಂಡಿನ ವಿಟ್ಬಿ ಎಂಬ ಕಡಲೂರಿನಲ್ಲಿ ಗುಡ್ಡದ ಮೇಲಿನ ಚರ್ಚಿಗೆ ಹತ್ತಲು ನೂರ ತೊಂಬತ್ತೊಂಬತ್ತು ಮೆಟ್ಟಿಲುಗಳಿವೆ ಎಂಬುದು ಅರಸೀಕೆರೆಯಲ್ಲಿ ಮೂವರಿಗೆ ಗೊತ್ತು. ಒಬ್ಬರು ಉದಯಕುಮಾರರು. ಇನ್ನಿಬ್ಬರು ಅವರ ಕ್ಷೌರದವನು ಮತ್ತು ರೈಲ್ವೆ ಸ್ಟೇಷನ್ ಎದುರಿನ ಹೋಟೆಲಿನ ಗಲ್ಲಾದಲ್ಲಿ ಕೂರುವವನು. ಇಬ್ಬರದೂ ಮಧ್ಯದಲ್ಲಿ ಎದ್ದು ಹೋಗಲಾಗದ ಕೆಲಸ.

ಐವತ್ತೆರಡು ವರ್ಷದ ಉದಯಕುಮಾರರ ಕಸುಬು, ಬ್ರಿಟನ್ನಿನವರಿಗೆ ಬ್ರಿಟನ್ನಿನಲ್ಲೇ ಎಲ್ಲಿಗೆ ಹೋಗಬೇಕೆಂದು ಹೇಳಿಕೊಡುವುದು. ಶುಕ್ರವಾರ ಸಂಜೆ ಆಫೀಸು ಮುಗಿಸಿ, ಹತ್ತಿರದಲ್ಲೇ ಎಲ್ಲಾದರೂ ಎರಡು ರಾತ್ರಿ ಇದ್ದು ಬರುವವರಿಗಾಗಿ ಅಲ್ಲೊಂದು ವೆಬ್‌ಸೈಟಿದೆ. ಅದರ ಬರಹದ ಕೆಲಸ ಬೆಂಗಳೂರಿನ ಒಂದು ಕಂಪನಿಗೆ ಬಂದು, ಅಲ್ಲಿಂದ ಇಳಿದು ಅರಸೀಕೆರೆಗೆ ಬಂದು, ಉದಯಕುಮಾರರ ಮೇಲುಮಹಡಿಯ ಕೋಣೆಯಲ್ಲಿ ನಿಲ್ಲುತ್ತದೆ. ಒಂಬತ್ತು ವರ್ಷಗಳಿಂದ ಅವರು ಮಧುಚಂದ್ರದವರನ್ನು ಸೇಂಟ್ ಐವ್ಸ್‌ಗೆ ಕಳಿಸಿದ್ದಾರೆ, ನಾಯಿ ಸಾಕಿದವರನ್ನು ಕೆಸಿಕ್‌ನ ಕೆರೆದಂಡೆಯಲ್ಲಿ ನಡೆಸಿದ್ದಾರೆ, ಮಳೆ ಬಂದರೆ ಯಾವ ಊರಿನ ಯಾವ ಮ್ಯೂಸಿಯಮ್ಮಿಗೆ ನುಗ್ಗಬೇಕೆಂದು ಹೇಳಿದ್ದಾರೆ. ತಾವು ಮಾತ್ರ ಕೊಡೆ ಹಿಡಿದು ತಿಪಟೂರು ದಾಟಿದ್ದು ಕಡಿಮೆ.

ಅವರ ಮನೆತನ ಕೊಬ್ಬರಿ ವ್ಯಾಪಾರದ್ದು. ಹುಡುಗನಾಗಿದ್ದಾಗ ತಂದೆ ಗಂಗಾಧರಯ್ಯನವರು ತಮ್ಮ ಸಗಟು ಅಂಗಡಿಯಾದ ಮಂಡಿಯಲ್ಲಿ ಕೂರಿಸಿ, ಕೊಬ್ಬರಿಯನ್ನು ಬೆರಳಲ್ಲಿ ತಟ್ಟಿ ಒಳಗೆ ಕೆಟ್ಟಿದೆಯೋ ಇಲ್ಲವೋ ಹೇಳು ಎಂದರಂತೆ. ಮಗ ಎಲ್ಲಕ್ಕೂ ‘ಚೆನ್ನಾಗಿದೆ’ ಎಂದ. ಅಲ್ಲಿಗೆ ಅವನ ವ್ಯಾಪಾರದ ಬದುಕು ಮುಗಿಯಿತು. ಮಂಡಿ ತಮ್ಮ ಶರತ್ಚಂದ್ರನದಾಯಿತು. ಅಣ್ಣನದು ಇಂಗ್ಲಿಷ್ ಬಿಎ ಮತ್ತು ಟ್ಯುಟೋರಿಯಲ್ಲಿನ ಮೇಷ್ಟರಿಕೆ. ಎರಡು ಕಡೆ ಹೆಣ್ಣು ನೋಡಿದರು. ಒಂದು ಕಡೆಯವರು ‘ಹುಡುಗ ಮಂಡಿಗೆ ಹೋಗಲ್ವಂತೆ’ ಎಂದರು, ಇನ್ನೊಂದು ಕಡೆಯವರು ಏನೂ ಅನ್ನಲಿಲ್ಲ. ತಮ್ಮನ ಮದುವೆ ನಿಶ್ಚಯವಾದಾಗ, ನೆಂಟರು ಬಂದು ಹೋಗುವವರೆಗೆ ಎಂದು ಉದಯಕುಮಾರರು ಹಾಸಿಗೆ ಸುತ್ತಿಕೊಂಡು ಮೇಲಿನ ಕೋಣೆಗೆ ಹೋದರು. ನೆಂಟರು ಹೋಗಿ ಇಪ್ಪತ್ತಮೂರು ವರ್ಷವಾಯಿತು.

ಮೇಲೆ ಅವರ ಕೋಣೆಯ ಪಕ್ಕದಲ್ಲೇ ಅಟ್ಟ. ಗಂಡಸಿ ಊರಿನಲ್ಲಿರುವ ತೋಟದ ಕಾಯಿಗಳನ್ನು ಅಲ್ಲಿ ವರ್ಷಗಟ್ಟಲೆ ಕೂಡಿಹಾಕುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಒಳಗೊಳಗೇ ಸಡಿಲವಾಗುತ್ತದೆ. ಇಲಿ ಓಡಾಡಿದಾಗ ಕಾಯಿಗಳು ಉರುಳಿ ಲೊಟಲೊಟ ಎನ್ನುತ್ತವೆ. ಉದಯಕುಮಾರರಿಗೆ ಇರುವ ನೆರೆಹೊರೆ ಅಷ್ಟೇ.

ಹೋದ ಗುರುವಾರ ಬೆಂಗಳೂರಿನಿಂದ ಅಕ್ಷತಾ ಫೋನ್ ಮಾಡಿದಳು. ಅವಳು ಕಂಪನಿಯಲ್ಲಿ ಇವರ ಬರಹ ತಿದ್ದುವ ಹುಡುಗಿ.

“ಸರ್, ‘ಒಬ್ಬರೇ ಹೋಗಿಬರಲು ಹತ್ತು ಊರು’ ಓದಿದೆ. ಫ್ಯಾಕ್ಟ್ಸ್ ಎಲ್ಲಾ ಕರೆಕ್ಟಾಗಿದೆ. ಆದ್ರೆ ಇದರಲ್ಲಿ ಯಾರೂ ಇಲ್ಲ.”

“ಒಬ್ಬರೇ ಹೋಗೋರಿಗೆ ಬರೆದದ್ದಮ್ಮ. ಯಾರಿರ್ತಾರೆ?”

“ಆ ಒಬ್ಬರಾದ್ರೂ ಇರಬೇಕಲ್ವಾ ಸರ್? ಒಬ್ಬರೇ ರೂಮಿಗೆ ಹೋದಾಗ ಹೇಗನ್ಸತ್ತೆ, ಒಬ್ಬರೇ ಊಟಕ್ಕೆ ಕೂತಾಗ ಹೇಗನ್ಸತ್ತೆ, ಅದು ಬೇಕು. ಬರೀ ಪಟ್ಟಿಯನ್ನ ಈಗ ಮೆಷೀನೇ ಅರ್ಧ ನಿಮಿಷಕ್ಕೆ ಮಾಡಿಕೊಡತ್ತೆ. ಸೋಮವಾರದೊಳಗೆ ಇನ್ನೊಂದ್ಸಲ ಬರ್ದುಕೊಡಿ. ಇದೂ ಹೀಗೇ ಬಂದ್ರೆ ನಿಮ್ಮನ್ನ ಉಳಿಸಿಕೊಳ್ಳೋಕೆ ನನ್ನ ಕೈಲಾಗಲ್ಲ ಸರ್, ಸಾರಿ.”

ಕೆಲಸ ಹೋದರೆ ಉದಯಕುಮಾರರು ಉಪವಾಸವೇನೂ ಬೀಳುತ್ತಿರಲಿಲ್ಲ. ಮಂಡಿಯಲ್ಲಿ ತಮ್ಮನ ಪಕ್ಕ ಒಂದು ಕುರ್ಚಿ ಹಾಕುತ್ತಾರೆ. ಆದರೆ ವಿಟ್ಬಿ ಹೋಗುತ್ತದೆ, ಕೆಸಿಕ್ ಹೋಗುತ್ತದೆ, ಕ್ಷೌರದವನ ಎದುರು ಹೇಳಲು ಏನೂ ಉಳಿಯುವುದಿಲ್ಲ. ಒಬ್ಬ ಮನುಷ್ಯನ ಕೈಯಿಂದ ಇಡೀ ಬ್ರಿಟನ್ ಜಾರಿಹೋಗುವುದು ಸಣ್ಣ ವಿಷಯವಲ್ಲ. ಹಿಂದೆ ಹೀಗೆ ದೇಶ ಕಳೆದುಕೊಂಡ ರಾಜರೂ ಬಹಳ ಬೇಸರಪಟ್ಟಿದ್ದಾರೆ.

ರಾತ್ರಿಯೆಲ್ಲ ಯೋಚಿಸಿ ಅವರು ಗಂಭೀರ ನಿರ್ಧಾರಕ್ಕೆ ಬಂದರು: ಅನುಭವ ಬೇಕು ತಾನೆ? ಪಡೆಯೋಣ. ಒಂದು ರಾತ್ರಿ ಮನೆ ಬಿಟ್ಟು, ಹತ್ತಿರದ ಊರಿನಲ್ಲಿ, ಒಬ್ಬರೇ. ಹಳೇಬೀಡು.

ಶನಿವಾರ ಬೆಳಿಗ್ಗೆ ಏಳಕ್ಕೆ ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತಾ ‘ಹೇಮಾ, ಹೋಗಿ ಬರ್ತೀನಮ್ಮ’ ಎಂದರು. ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ಹೇಮಲತಾ ಮಿಕ್ಸಿ ಹಾಕಿದ್ದಳು. ಮಿಕ್ಸಿ ನಿಲ್ಲುವವರೆಗೆ ಕಾದು ಇನ್ನೊಮ್ಮೆ ಹೇಳುವುದು ಗಾಂಭೀರ್ಯಕ್ಕೆ ಕುಂದೆನಿಸಿತು. ಹೊರಟರು.

ಜಾವಗಲ್ ಮೇಲೆ ಹೋಗುವ ಬಸ್ಸು. ಪಕ್ಕದಲ್ಲಿ ಎಲೆಅಡಿಕೆ ಚೀಲದ ಮುದುಕಿ.

“ಯಾವೂರಿಗಪ್ಪಾ?”

“ಹಳೇಬೀಡಿಗೆ.”

“ಯಾರ ಮನೆಗೆ?”

“ಯಾರ ಮನೆಗೂ ಇಲ್ಲಮ್ಮ.”

ಮುದುಕಿ ದನಿ ತಗ್ಗಿಸಿದಳು. “ಸಾವಾ?”

“ಇಲ್ಲಮ್ಮ, ಸುಮ್ಮನೆ ಇದ್ದು ಬರೋಣ ಅಂತ.”

“ಹರಕೆಯಾ?”

“ಹರಕೆಯೂ ಅಲ್ಲ.”

“ಹೇಳ್ಕಳಂಗಿಲ್ಲದಿದ್ರೆ ಬುಡಪ್ಪ,” ಎಂದು ಮುದುಕಿ ಕಿಟಕಿಯ ಕಡೆ ತಿರುಗಿ, ಜಾವಗಲ್ಲಿನಲ್ಲಿ ಇಳಿಯುವಾಗ, “ಎಲ್ಲಾ ಸರಿಹೋಯ್ತದೆ, ಧೈರ್ಯವಾಗಿರು,” ಎಂದು ಭುಜ ಮುಟ್ಟಿ ಇಳಿದಳು. ಉದಯಕುಮಾರರ ಭುಜವನ್ನು ಯಾರಾದರೂ ಮುಟ್ಟಿ ಬಹಳ ದಿನವಾಗಿತ್ತು. ಅವರು ಇದನ್ನು ಡೈರಿಯಲ್ಲಿ ‘ಸ್ಥಳೀಯರ ಆತ್ಮೀಯತೆ’ ಎಂದು ಬರೆದುಕೊಂಡರು.

ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಒಂಬತ್ತು ಗಂಟೆ. ಅದರ ಹಿಂದೆಯೇ ಒಂದು ಲಾಡ್ಜಿತ್ತು. ಆದರೆ ಗೆಸ್ಟ್‌ಹೌಸಿನಲ್ಲಿ ನಾಲ್ಕು ಗಂಟೆಗೆ ಮೊದಲು ಕೋಣೆ ಕೇಳುವುದು ಅಸಭ್ಯತೆ ಎಂದು ಸ್ವತಃ ಅವರೇ ನೂರಾರು ಸಲ ಬರೆದಿದ್ದರು. ಹೀಗಾಗಿ ಏಳು ಗಂಟೆ ಕಾಲ ಬ್ಯಾಗು ಹೊತ್ತು ಸುತ್ತಿದರು.

ದೇವಸ್ಥಾನದ ಬಾಗಿಲಲ್ಲಿ ಗೈಡುಗಳು ಎಲ್ಲರ ಮೇಲೂ ಬಿದ್ದರು, ಇವರ ಮೇಲೆ ಮಾತ್ರ ಬೀಳಲಿಲ್ಲ. ಇವರ ಚಪ್ಪಲಿ ನೋಡಿದರೇ ಈ ಕಡೆಯವರೆಂದು ಗೊತ್ತಾಗುತ್ತಿತ್ತು. ಒಂದು ಹೊಸ ಜೋಡಿಗೆ ಫೋನು ಕೊಟ್ಟು ತಮ್ಮದೊಂದು ಫೋಟೋ ಕೇಳಿದರು. ಅವರು ಒಂದು ತೆಗೆದು, ಪ್ರತಿಯಾಗಿ ತಮ್ಮವು ಹದಿನೇಳು ತೆಗೆಸಿಕೊಂಡರು. ಬಸ್ತಿಹಳ್ಳಿಯ ಬಸದಿಯಲ್ಲಿ ಕನ್ನಡಿಯಂತೆ ನಯಗೊಳಿಸಿದ ಕಂಬಗಳ ಮುಂದೆ ಒಂದು ಸಂಸಾರ, ಅವರಿವರ ಬಿಂಬ ಉದ್ದವಾಗಿ ಕಂಡಿತೆಂದು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿತ್ತು. ಅವರು ಹೋದಮೇಲೆ ಉದಯಕುಮಾರರೂ ನಿಂತು ನೋಡಿದರು. ಅವರೂ ಉದ್ದವಾಗಿಯೇ ಕಂಡರು. ನಗು ಬರಲಿಲ್ಲ. ನಗಬೇಕಾದರೆ ‘ಅಗೋ ನೋಡು’ ಅನ್ನಲು ಪಕ್ಕದಲ್ಲೊಬ್ಬರು ಬೇಕು. ಇದನ್ನು ಡೈರಿಯಲ್ಲಿ ಬರೆದುಕೊಳ್ಳಲು ಮರೆತರು.

ನಾಲ್ಕಕ್ಕೆ ಸರಿಯಾಗಿ ಲಾಡ್ಜಿನ ಕೌಂಟರಿನ ಮುಂದೆ ನಿಂತರು. ಕೌಂಟರಿನ ಹಿಂದೆ ಮರಿಯಣ್ಣ, ಅರವತ್ತರ ಆಸುಪಾಸಿನ ಮ್ಯಾನೇಜರು, ಕಡಲೆಕಾಯಿ ಬಿಡಿಸುತ್ತಿದ್ದ.

“ಒಂದು ರಾತ್ರಿಗೆ, ಒಬ್ಬರಿಗೆ ಕೋಣೆ,” ಎಂದು ಉದಯಕುಮಾರರು ತಾವು ಬರೆದಿದ್ದ ಪ್ರಕಾರವೇ ಮುಗುಳ್ನಕ್ಕು ಕೇಳಿ ಆಧಾರ್ ಕಾರ್ಡು ಇಟ್ಟರು.

ಮರಿಯಣ್ಣ ಕಾರ್ಡು ತಿರುಗಿಸಿ ವಿಳಾಸ ಓದಿ, ವಾಪಸು ತಳ್ಳಿದ.

“ಲೋಕಲ್ ಆಧಾರ್‌ಗೆ ರೂಮಿಲ್ಲ ಸಾ.”

“ಲೋಕಲ್ ಎಲ್ಲಿ? ನಾನು ಅರಸೀಕೆರೆ.”

“ಅದೇ. ಹಾಸನ ಜಿಲ್ಲೆಯೋರಿಗೆ ಕೊಡಬ್ಯಾಡ ಅಂತ ಓನರ್ ಅಪ್ಪಣೆ. ಮನೆ ಇಷ್ಟು ಹತ್ರ ಇದ್ದೋರು ರೂಮು ಯಾಕ್ ಕೇಳ್ತಾರೆ ಹೇಳಿ. ಒಂದು ಕುಡಿಯಕ್ಕೆ, ಇಲ್ಲ ಇಸ್ಪೀಟಾಡಕ್ಕೆ, ಇಲ್ಲ…” ಮರಿಯಣ್ಣ ಸೀಲಿಂಗ್ ಫ್ಯಾನಿನ ಕಡೆ ನೋಡಿ ನಿಲ್ಲಿಸಿದ. “ಮನೇಲೇನಾದ್ರೂ ಜಗಳವಾ ಸಾ?”

“ಜಗಳ ಆಡೋಕೆ ಯಾರೂ ಇಲ್ಲ ಕಣ್ರೀ. ನಾನು ಪ್ರವಾಸಿ. ಪ್ರವಾಸದ ಬಗ್ಗೆ ಬರೆಯೋನು. ಬ್ರಿಟನ್ನಿನಲ್ಲಿ ಜನ ಹೀಗೇ ಅಕ್ಕಪಕ್ಕದೂರಿಗೆ ಹೋಗಿ ಎರಡು ರಾತ್ರಿ ಇದ್ದು ಬರ್ತಾರೆ.”

“ನೆಂಟರ ಮನೇಲಿ?”

“ಅಲ್ಲ, ದುಡ್ಡು ಕೊಟ್ಟು, ಲಾಡ್ಜಿನಲ್ಲಿ.”

“ಯಾತಕ್ಕೆ?”

“ಯಾತಕ್ಕೂ ಇಲ್ಲ. ಸುಮ್ಮನೆ.”

ಮರಿಯಣ್ಣ ಕಡಲೆಕಾಯಿ ಕೆಳಗಿಟ್ಟ. ಮನುಷ್ಯನ ಸ್ಥಿತಿ ತಾನಂದುಕೊಂಡದ್ದಕ್ಕಿಂತ ಹದಗೆಟ್ಟಿದೆ ಎಂಬ ಮರುಕ ಅವನ ಮುಖದಲ್ಲಿತ್ತು. “ಒಂದ್ಕೆಲಸ ಮಾಡಿ. ಮನೆಯೋರ ನಂಬರ್ ಕೊಡಿ. ಅವರು ‘ಹೂಂ, ಗೊತ್ತು, ಕೊಡಿ’ ಅಂದ್ರೆ ಓನರ್‌ಗೆ ನಾನ್ ಹೇಳ್ಕತೀನಿ.”

ಉದಯಕುಮಾರರು ಹೇಮಲತಾಳ ನಂಬರು ಕೊಟ್ಟರು. ಮರಿಯಣ್ಣ ಸ್ಪೀಕರ್ ಹಾಕಿ ಫೋನನ್ನು ಕಡಲೆಕಾಯಿಯ ಪಕ್ಕ ಇಟ್ಟ.

“ಅಮ್ಮಾ, ಉದಯಕುಮಾರ್ ಅನ್ನೋರು ನಿಮ್ಮ ಮನೆಯೋರಾ?”

“ಹೌದು, ನಮ್ಮ ಭಾವ. ನೀವ್ಯಾರು? ಕೊರಿಯರಾ?”

“ಅವರು ಈಗ ಎಲ್ಲವ್ರೆ?”

“ಇಲ್ಲೇ ಮೇಲಿದ್ದಾರಲ್ಲ.”

ಮರಿಯಣ್ಣ ತಲೆಯೆತ್ತಿ ಉದಯಕುಮಾರರನ್ನು ನೋಡಿದ. ಫೋನಿಗೆ ಬಗ್ಗಿ ಕೇಳಿದ: “ಕಣ್ಣಲ್ಲಿ ನೋಡಿದ್ರಾ ತಾಯಿ?”

“ನೋಡೋದೇನು? ಬೆಳಗಿಂದ ಫ್ಯಾನಿನ ಸದ್ದು ಬರ್ತಾನೇ ಇದೆ. ಬರೀತಾ ಕೂತಿರ್ತಾರೆ. ಮಧ್ಯಾಹ್ನ ಮೇಲಿನ ಮೆಟ್ಟಿಲ ಮೇಲೆ ಊಟದ ತಟ್ಟೆ ಇಟ್ಟು ಬಂದೆ. ಕರೀಬೇಕಾ? ಕರೆದ್ರೆ ಇಳಿದು ಬರೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ.”

ಹೌದು, ಫ್ಯಾನು ಆರಿಸದೆ ಬಂದಿದ್ದರು. ಆ ಫ್ಯಾನಿಗೆ ಗಾಣದಂಥ ಸದ್ದು. ‘ಹೇಮಾ, ನಾನು ಇಲ್ಲಿದ್ದೀನಿ’ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದರು ಕೂಡ. ಅವಳು ಗಾಬರಿಯಾದಾಳು ಎಂದು ಅವರು ಅಂಜಲಿಲ್ಲ. ಗಾಬರಿಯಾಗದೆ, ‘ಓ, ಹೌದಾ? ಹಾಗಾದ್ರೆ ರಾತ್ರಿ ತಟ್ಟೆ ಬೇಡ ತಾನೆ?’ ಅಂದಾಳು ಎಂದು ಅಂಜಿದರು.

“ಬ್ಯಾಡ ತಾಯಿ, ಬುಡಿ,” ಎಂದು ಮರಿಯಣ್ಣ ಫೋನಿಟ್ಟ. “ಉದಯಕುಮಾರ್ ಮನೇಲವ್ರಂತೆ. ನೀವ್ಯಾರು?”

ಈ ಪ್ರಶ್ನೆಗೆ ಉದಯಕುಮಾರರ ಹತ್ತಿರ ಇದ್ದದ್ದು ಸರ್ಕಾರಿ ದಾಖಲೆ; ಅದನ್ನೇ ಮತ್ತೆ ಮುಂದಕ್ಕೆ ತಳ್ಳಿದರು. ಮರಿಯಣ್ಣ ಕಾರ್ಡಿನ ಫೋಟೋ ನೋಡಿದ, ಮುಖ ನೋಡಿದ, ಮತ್ತೆ ಫೋಟೋ ನೋಡಿದ. ಮುಖ ನೋಡಿದ್ದು ಸ್ವಲ್ಪ ಜಾಸ್ತಿ ಹೊತ್ತಾಯಿತು. ಆಮೇಲೆ ಅವನ ದನಿ ಬದಲಾಯಿತು.

“ಕೂತ್ಕಳಿ ಸಾ. ಟೀ ತರಿಸ್ತೀನಿ. ರೂಮು ಕೊಡಕ್ಕಾಗಲ್ಲ, ಬೇಜಾರ್ ಮಾಡ್ಕಬ್ಯಾಡಿ. ಐದೂವರೆಗೆ ಬಸ್ಸೈತೆ, ಅಲ್ಲೀಗಂಟ ಇಲ್ಲೇ ಇರಿ.” ಕಡಲೆಕಾಯಿಯ ತಟ್ಟೆಯನ್ನು ಇವರ ಕಡೆ ಸರಿಸಿದ. “ಹುಲಿಕೆರೆ ಕೊಳ ನೋಡಿದ್ರಾ? ಎಷ್ಟು ಚೆಂದ ಮೆಟ್ಲು ಕಟ್ಟವ್ರೆ.”

“ಇಲ್ಲ. ಎಷ್ಟು ಮೆಟ್ಟಿಲಿವೆ?”

“ಅದನ್ಯಾರ್ ಎಣಿಸ್ತಾರೆ ಸಾ!”

ಇಬ್ಬರೂ ಕಡಲೆಕಾಯಿ ಬಿಡಿಸುತ್ತಾ ಕೂತರು. ಹನ್ನೊಂದು ವರ್ಷದಿಂದ ಈ ಕೌಂಟರಿನ ಹಿಂದೆಯೇ ಚಾಪೆ ಹಾಸಿ ಮಲಗುತ್ತೇನೆ, ಒಂದು ದಿನವೂ ಮೇಲಿನ ರೂಮಿನಲ್ಲಿ ಮಲಗಿಲ್ಲ ಎಂದು ಮರಿಯಣ್ಣ ಹೇಳಿದ. ಮರಿಯಣ್ಣನ ಆಧಾರೂ ಲೋಕಲ್ಲೇ ಇದ್ದಿರಬೇಕು.

ಮನೆ ಮುಟ್ಟಿದಾಗ ಏಳು ದಾಟಿತ್ತು. ಹೇಮಲತಾ ಬಾಗಿಲಿಗೆ ದೀಪ ಹಾಕುತ್ತಿದ್ದಳು.

“ಅಯ್ಯೋ ಭಾವ, ಯಾವಾಗ ಇಳಿದು ಹೋದ್ರಿ? ಸಾಯಂಕಾಲ ಯಾರೋ ಫೋನ್ ಮಾಡಿದ್ರು. ನೀವು ಮೇಲಿದ್ದೀರ ಅಂದೆ.”

“ಸರಿಯಾಗೇ ಹೇಳಿದೀಯಮ್ಮ. ನಾನು ಇನ್ನೆಲ್ಲಿಗೆ ಹೋಗ್ಲಿ?”

“ಅದೇ ಮತ್ತೆ,” ಎಂದು ಅವಳು ಒಳಗೆ ಹೋದಳು.

ಮೇಲಿನ ಮೆಟ್ಟಿಲ ಮೇಲೆ ಮಧ್ಯಾಹ್ನದ ತಟ್ಟೆ ಇನ್ನೊಂದು ತಟ್ಟೆ ಮುಚ್ಚಿಕೊಂಡು ಕೂತಿತ್ತು. ಮುದ್ದೆ ಬಿಗಿದು ಕಲ್ಲಾಗಿತ್ತು. ಕೋಣೆಯಲ್ಲಿ ಫ್ಯಾನು ಹನ್ನೆರಡು ಗಂಟೆ ಕಾಲದಿಂದ ಉದಯಕುಮಾರರ ಪರವಾಗಿ ನಿಷ್ಠೆಯಿಂದ ತಿರುಗುತ್ತಿತ್ತು.

ಭಾನುವಾರ ಕೂತು ಬರೆದರು. ಹತ್ತು ಊರು ಹೊಡೆದುಹಾಕಿ ಒಂದೇ ಉಳಿಸಿಕೊಂಡರು, ವಿಟ್ಬಿ, ಜನ ಬರದ ಚಳಿಗಾಲದಲ್ಲಿ. ಮೆಟ್ಟಿಲ ಸಂಖ್ಯೆ ಬರೆಯಲಿಲ್ಲ. ಬಾಡಿಗೆ ಕೋಣೆ ಮೇಲುಮಹಡಿಯಲ್ಲಿ. ಕೆಳಗೆ ಮನೆಯವರ ಟೀವಿ. ಅವರು ನಕ್ಕಾಗ ಯಾವುದಕ್ಕೆ ನಕ್ಕರೆಂದು ಗೊತ್ತಾಗುವುದಿಲ್ಲ, ಆದರೂ ನೀವು ಮೇಲೆ ಕೂತು ಸ್ವಲ್ಪ ನಗುತ್ತೀರಿ. ಬಾಗಿಲಾಚೆ ತಟ್ಟೆ ಇಟ್ಟ ಸದ್ದಾಗುತ್ತದೆ. ಎದ್ದು ತೆಗೆಯುವಷ್ಟರಲ್ಲಿ ಹೆಜ್ಜೆಗಳು ಕೆಳಗಿಳಿದಿರುತ್ತವೆ. ಪಕ್ಕದ ಕೋಣೆಯಲ್ಲಿ ಏನೋ ಉರುಳುತ್ತದೆ, ಅಲ್ಲಿ ಯಾರೂ ಇಲ್ಲವೆಂದು ನಿಮಗೆ ಗೊತ್ತು. ಮರುದಿನ ನೀವು ಊರೆಲ್ಲ ಸುತ್ತಿ ಬಂದರೂ ಅವರು ನೀವು ಕೋಣೆಯಲ್ಲೇ ಇದ್ದಿರೆಂದುಕೊಂಡಿರುತ್ತಾರೆ.

ಸೋಮವಾರ ಸಂಜೆ ಅಕ್ಷತಾಳ ಫೋನು ಬಂತು.

“ಸರ್! ಇದರಲ್ಲಿ ಒಬ್ಬರಿದ್ದಾರೆ ಸರ್! ಅಲ್ಲಿಯೋರಿಗೂ ತುಂಬಾ ಇಷ್ಟ ಆಯ್ತು. ನೀವು ಇನ್ನು ಎಲ್ಲೂ ಹೋಗಲ್ಲ.”

“ಇಲ್ಲಮ್ಮ, ಹೋಗಲ್ಲ.”

“ಒಂದ್ಮಾತು ಸರ್, ನಿಜವಾಗ್ಲೂ ಯಾವಾಗ ಹೋಗಿದ್ರಿ? ಎಷ್ಟು ದಿನ ಇದ್ರಿ?”

ಉದಯಕುಮಾರರು ಲೆಕ್ಕ ಹಾಕಿದರು. “ನೆಂಟರು ಬಂದು ಹೋಗೋವರೆಗೆ ಅಂತ ಹೋಗಿದ್ದೆ,” ಎಂದರು. ಅಕ್ಷತಾ ನಕ್ಕು, ಮುಂದಿನ ವಾರಕ್ಕೆ ‘ಮಕ್ಕಳ ಜೊತೆ ಕಡಲತೀರ’ ಬೇಕೆಂದು ಹೇಳಿ ಫೋನಿಟ್ಟಳು.

ಕೆಲಸ ಉಳಿಯಿತು, ಬ್ರಿಟನ್ ಉಳಿಯಿತು. ಕ್ಷೌರದವನಿಗೆ ಹೇಳಲು ಬೇಕಾದಷ್ಟಿತ್ತು. ಉದಯಕುಮಾರರು ಎದ್ದು, ಏನೋ ಹೊಳೆದವರಂತೆ ಫ್ಯಾನು ಆರಿಸಿ, ಕುರ್ಚಿಯನ್ನು ಬಾಗಿಲ ಹತ್ತಿರ ಎಳೆದುಕೊಂಡು ಕೂತರು. ಸದ್ದು ನಿಂತದ್ದು ಕೆಳಗೆ ಯಾರಿಗಾದರೂ ಗೊತ್ತಾಗುತ್ತದೋ ಎಂದು ಕಿವಿಗೊಟ್ಟರು. ಕುಕ್ಕರ್ ಕೂಗಿತು. ಟೀವಿಯಲ್ಲಿ ಯಾರೋ ಅತ್ತರು. ಅಟ್ಟದಲ್ಲಿ ಒಂದು ಕಾಯಿ ಲೊಟ ಎಂದು ಸುಮ್ಮನಾಯಿತು.

ಸೆಖೆ ಜಾಸ್ತಿ. ಇಪ್ಪತ್ತು ನಿಮಿಷ ನೋಡಿ, ತಾವೇ ಎದ್ದು ಹೋಗಿ ಫ್ಯಾನು ಮತ್ತೆ ಹಾಕಿಕೊಂಡರು.