ಓನರಮ್ಮನ ಸ್ಪ್ರಿಂಗು

ನಮ್ಮ ರಿಪೇರಿ ಅಂಗಡಿಯ ಕೌಂಟರಿನಲ್ಲಿ ನೆಟ್ಟಗೆ ಬರೆಯುವ ಪೆನ್ನು ಒಂದೂ ಇರುತ್ತಿರಲಿಲ್ಲ. ಒತ್ತಿದರೆ ಟಕ್ಕೆನ್ನದು, ರೀಫಿಲ್ಲು ಒಳಗೇ ಜಾರಿಕೊಳ್ಳುವುದು. ಒಳಗಿನ ಸ್ಪ್ರಿಂಗು ಹಿಂದಿನ ಕೋಣೆಗೆ, ಅಕ್ಕನ ಮೇಜಿಗೆ ಹೋಗಿರುತ್ತಿತ್ತು. ನಾನು ಕೂಗಾಡಿದರೆ, "ಪೆನ್ಸಿಲ್ಲಲ್ಲಿ ಬರಿಯೋ, ಅಕ್ಷರಾನಾದ್ರೂ ದುಂಡಗಾಗತ್ತೆ" ಎನ್ನುತ್ತಿದ್ದಳು. ಇಂಥವಳ ಜೊತೆ ಇಪ್ಪತ್ತಾರು ವರ್ಷ ಏಗಿದ್ದೇನೆ.

ಅಪ್ಪ ಬಿಟ್ಟುಹೋದ ಅಂಗಡಿ. ಮುಂದೆ ನಾನು, ಹಿಂದೆ ಅಕ್ಕ. ಗಿರಾಕಿಯ ಜೊತೆ ಮಾತಾಡಿ ಚೀಟಿ ಹರಿದುಕೊಡುವುದು ನನ್ನ ಕೆಲಸ. ಇಸ್ತ್ರಿಪೆಟ್ಟಿಗೆ, ಫ್ಯಾನು, ಮಿಕ್ಸಿ, ಟ್ರಿಮ್ಮರು ಬಿಚ್ಚಿ ಜೀವ ತುಂಬುವುದು ಅವಳದು. ಚೀಟಿಯ ಕೆಳಗೆ 'ಮಾಲೀಕರ ಸಹಿ' ಎಂದು ಅಚ್ಚಾಗಿದೆ. ಅಲ್ಲಿ ಸಹಿ ಹಾಕುವವನು ನಾನು. ಯಾಕೆ ಅಂತ ಯಾರೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಬಿಚ್ಚಿದ್ದನ್ನೆಲ್ಲ ಅಕ್ಕ ಒಂದು ಪುಸ್ತಕದಲ್ಲಿ ಬರೆದಿಡುತ್ತಾಳೆ. ಯಾವ ಕಂಪನಿ, ಎಷ್ಟು ವರ್ಷ ಬಾಳಿತು, ಏನಾಗಿ ಸತ್ತಿತು. ಅದಕ್ಕೆ ಪೋಸ್ಟ್‌ಮಾರ್ಟಂ ಪುಸ್ತಕ ಎಂದು ಹೆಸರಿಟ್ಟವನು ನಾನೇ. ಆ ಪುಸ್ತಕ ನೋಡಿಕೊಂಡೇ ಅವಳು ಷೇರು ಕೊಂಡಳು. ಒಂದು ಅಮೆರಿಕದ ಕಂಪನಿಯದು ಹನ್ನೊಂದು, ಒಂದು ಚೀನಾ ಕಂಪನಿಯದು ನೂರು. ಭಾವನಿಗೆ, ಅಂದರೆ ಅವಳ ಗಂಡನಿಗೆ, ನಗು ತಡೆಯಲಾಗಲಿಲ್ಲ. ವಿಮಾ ಕಚೇರಿಯಲ್ಲಿ ಕೂತು ಜಗತ್ತಿನ ಷೇರುಪೇಟೆಗೆಲ್ಲ ಭವಿಷ್ಯ ಹೇಳುವ ಆಸಾಮಿ ಅವರು.

"ಏನೇ, ಕಂಪನಿ ವಾರ್ಷಿಕ ವರದಿ ಓದಿದ್ಯಾ?"

"ಕಂಪನಿ ಹೊಟ್ಟೇನೇ ಬಿಚ್ಚಿ ನೋಡಿದೀನ್ರೀ."

ಅವಳು ಕಂಡುಕೊಂಡದ್ದು ಇಷ್ಟು. ಆ ಅಮೆರಿಕದವರು ಹಳೆಯದನ್ನು ಕೈಬಿಡುವುದಿಲ್ಲ. ಹದಿನೆಂಟು ವರ್ಷದ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಬೇಕೆಂದು ನಂಬರು ಬರೆದು ಕಳಿಸಿದರೆ ಇವತ್ತಿಗೂ ಅಂಚೆಯಲ್ಲಿ ಬಂದಿಳಿಯುತ್ತದೆ. ಆದರೆ ಈಚೆಗೆ ಸ್ಕ್ರೂ ಬಿಟ್ಟು ಅಂಟು ಹಿಡಿದುಕೊಂಡಿದ್ದಾರೆ, ಮೇಲೆ 'ಬಿಚ್ಚಬೇಡಿ' ಎಂಬ ಉಪದೇಶ ಬೇರೆ. "ಎಲ್ಲಾ ತಮಗೇ ಗೊತ್ತು ಅನ್ನೋ ಜಂಬ ಬಂದಿದೆ ಕಣೋ" ಎನ್ನುತ್ತಾಳೆ. ಚೀನಾದವರದ್ದು ಉಲ್ಟಾ. ಮೊದಮೊದಲು ಅವರ ವೈರು ಕೂದಲಿನಷ್ಟು ಸಣ್ಣ, ಬೆಸುಗೆ ಮುಟ್ಟಿದರೆ ಉದುರುವುದು. ಆದರೆ ಈ ವರ್ಷ ಅವಳು ಬೈದುಕೊಂಡದ್ದು ಮುಂದಿನ ವರ್ಷ ಸರಿಹೋಗಿರುತ್ತಿತ್ತು. "ಬೈಸ್ಕೊಂಡು ಕಲಿಯೋ ಮಕ್ಕಳಿವು. ಹಳೇ ಮಾಡೆಲಿನ ಪಾರ್ಟು ಕೇಳಿದ್ರೆ ಮಾತ್ರ, ಅಂಥದ್ದು ಹುಟ್ಟೇ ಇರ್ಲಿಲ್ಲ ಅಂತಾರೆ!"

ಇಬ್ಬರ ಟ್ರಿಮ್ಮರಿಗೂ ಕಾಯಿಲೆ ಮಾತ್ರ ಒಂದೇ. ಚಾರ್ಜರಿನ ವೈರು ಪಿನ್ನಿನ ಕುತ್ತಿಗೆಯಲ್ಲಿ ಮುರಿಯುತ್ತಿತ್ತು. ಒಂದು ವರ್ಷದಲ್ಲಿ ಬಂದ ನಲವತ್ತೊಂದರಲ್ಲಿ ಮೂವತ್ತೇಳು ಸತ್ತದ್ದು ಹೀಗೆಯೇ. ಅಕ್ಕ ಅಲ್ಲಿಗೆ ನನ್ನ ಪೆನ್ನಿನ ಸ್ಪ್ರಿಂಗು ಸುತ್ತುತ್ತಿದ್ದಳು. ಪಿನ್ನಿನ ಕಡೆ ಒತ್ತಾಗಿ, ಮೇಲೆ ಹೋಗ್ತಾ ಹೋಗ್ತಾ ಸಡಿಲಾಗಿ. ಹಾಗೆ ಸುತ್ತಿದ್ದು ಒಂದೂ ಮರಳಿ ಬರಲಿಲ್ಲ. ಎದುರಿನ ಕ್ಷೌರದಂಗಡಿಯವನ ಆರೂ ಟ್ರಿಮ್ಮರಿನ ಚಾರ್ಜರ್ ವೈರಿನ ಕತ್ತಿನಲ್ಲಿ ನಮ್ಮ ಸ್ಪ್ರಿಂಗೇ ಇತ್ತು.

ಒಂದು ದಿನ ಅಕ್ಕ ಕೈ ಒರೆಸಿಕೊಂಡು ಕೌಂಟರಿಗೆ ಬಂದಳು. "ಎರಡು ಕಂಪನಿಗೂ ಕಾಗದ ಬರಿಯೋಣ. ನಾನು ಹೇಳ್ತೀನಿ, ನೀನು ಇಂಗ್ಲಿಷಲ್ಲಿ ಟೈಪ್ ಮಾಡು."

"ಹನ್ನೊಂದು ಷೇರಿನೋಳ ಮಾತು ಯಾರಕ್ಕಾ ಕೇಳ್ತಾರೆ?"

"ಷೇರು ಅಂದ್ರೆ ಪಾಲು. ಪಾಲಿದ್ದೋಳು ಮಾಲೀಕಳು ತಾನೇ? ಕೇಳ್ಲೇಬೇಕು."

ಬರೆದೆವು. ಸ್ಪ್ರಿಂಗಿನ ಚಿತ್ರವನ್ನೂ ಅವಳೇ ಬಿಡಿಸಿದಳು. ಶುರುವಿನಲ್ಲೇ 'ನಮ್ಮ ಕಂಪನಿಯ ಟ್ರಿಮ್ಮರಿನಲ್ಲಿ' ಎಂದಿರಬೇಕೆಂದು ಹಟ ಹಿಡಿದಳು. ಭಾವ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ಅವಳು ಓನರಮ್ಮ. ವಾರದೊಳಗೆ ಬೀದಿಗೆಲ್ಲ ಓನರಮ್ಮ. ಅಕ್ಕ ನಗಲಿಲ್ಲ. "ವರ್ಷದೊಳಗೆ ಇಬ್ಬರಲ್ಲಿ ಒಬ್ಬರೂ ಕಿವಿಗೆ ಹಾಕ್ಕೊಳ್ಳದಿದ್ರೆ ಎರಡೂ ಮಾರ್ತೀನಿ, ಆ ಪುಸ್ತಕಾನೂ ಮುಚ್ಚಿಡ್ತೀನಿ. ಕಂಡಿದ್ದು ಯಾರಿಗೂ ಬೇಡ ಅಂದ್ಮೇಲೆ ಯಾಕೆ ಬರೀಬೇಕು?" ಅಂದಳು. ಷೇರು ಹಾಳಾಗಿ ಹೋಗಲಿ, ಪುಸ್ತಕ ಮುಚ್ಚಿದರೆ ಅಕ್ಕ ಅಕ್ಕನಾಗಿ ಉಳಿಯುವುದಿಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು.

ಅಮೆರಿಕದಿಂದ ನಾಲ್ಕೇ ದಿನದಲ್ಲಿ ಉತ್ತರ ಬಂತು. ನಿಮ್ಮಂಥ ಷೇರುದಾರರೇ ನಮ್ಮ ಬಲ, ಹಾಗೆ ಹೀಗೆ. ಸ್ಪ್ರಿಂಗಿನ ಸುದ್ದಿಯೇ ಇಲ್ಲ. ಚೀನಾದಿಂದ ಚಕಾರವಿಲ್ಲ. ತಿಂಗಳುಗಳು ಉರುಳಿದವು. ಭಾವ ಬಂದಾಗಲೆಲ್ಲ "ಓನರಮ್ಮನವರ ಕಂಪನಿ ಹೇಗಿದೆ?" ಎನ್ನುವರು. ಅಕ್ಕ ತಲೆ ಎತ್ತುತ್ತಿರಲಿಲ್ಲ, ಪುಸ್ತಕದಲ್ಲಿ ಬರೆಯುವುದೂ ಕಡಿಮೆಯಾಯಿತು. ಭಾವನ ಬಾಯಿಗೆ ಬೀಗ ಜಡಿಯಬೇಕು ಅನ್ನಿಸುತ್ತಿತ್ತು.

ಹನ್ನೊಂದನೆಯ ತಿಂಗಳಲ್ಲಿ ಕ್ಷೌರದಂಗಡಿಯವನು ಆ ಚೀನಾ ಕಂಪನಿಯ ಹೊಸ ಟ್ರಿಮ್ಮರು ತಂದ. ಕೂದಲು ಸಿಕ್ಕಿ ಬ್ಲೇಡು ನಿಂತಿತ್ತು, ಅಷ್ಟೇ. ಅಕ್ಕ ಬ್ಲೇಡು ನೋಡಲಿಲ್ಲ. ಚಾರ್ಜರ್ ತೆಗೆದುಕೊಂಡು ವೈರಿನ ಕುತ್ತಿಗೆಯನ್ನು ದೀಪಕ್ಕೆ ಹಿಡಿದಳು. ಅಲ್ಲೊಂದು ಸ್ಪ್ರಿಂಗು. ಪಿನ್ನಿನ ಕಡೆ ಒತ್ತಾಗಿ, ಮೇಲೆ ಸಡಿಲಾಗಿ.

ನನ್ನ ಪಿತ್ತ ನೆತ್ತಿಗೇರಿತು. "ಅಕ್ಕಾ, ಕದ್ದುಬಿಟ್ರಲ್ಲೇ! ಒಂದು ಥ್ಯಾಂಕ್ಸ್ ಇಲ್ಲ, ಒಂದು ಸಾಲಿಲ್ಲ! ಬಿಡಬಾರ್ದು ಇವ್ರನ್ನ!"

"ಕೂಗ್ಬೇಡ್ವೋ. ಅವ್ರಿಗೇ ಹೊಳೆದಿದ್ರೂ ಹೊಳೆದಿರ್ಬೋದು. ನನ್ನದೇ ಆಗಿದ್ರೂ, ನನ್ನ ಕಂಪನಿಗೆ ನಾನು ಕೊಟ್ಟಿದ್ದು ಕಳ್ಳತನ ಹೇಗಾಗತ್ತೆ?" ಅವಳ ಕಣ್ಣು ತುಂಬಿತ್ತು, ಮುಖದಲ್ಲಿ ನಗು. "ಆ ಅಮೆರಿಕದವ್ರಿಗೆ ಇನ್ನೊಂದು ಕಾಗದ ಹಾಕು. ಈ ಸಲ ಇದರ ಫೋಟೋ ಇಟ್ಟು, ಪಕ್ಕದ್ಮನೆಯವ್ರನ್ನ ನೋಡಿ ಕಲೀರಿ ಅಂತ."

ಸಂಜೆ ಭಾವ ಬಂದರು. ಚಾರ್ಜರನ್ನು ಅವರ ಕೈಗಿಟ್ಟೆ. ತಿರುಗಿಸಿ ಮುರುಗಿಸಿ ನೋಡಿದರು, ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು. "ಓನರಮ್ಮ..." ಎಂದು ಗೇಲಿ ಶುರುಮಾಡಿದವರು ಅದನ್ನು ಅಲ್ಲಿಗೇ ಬಿಟ್ಟು ಕನ್ನಡಕ ಮತ್ತೆ ಏರಿಸಿಕೊಂಡರು. ಆಮೇಲೆ ಮೆಲ್ಲಗೆ, "ಪುಸ್ತಕ ಕೊಡೇ, ನಾನೂ ಸ್ವಲ್ಪ ಓದ್ತೀನಿ" ಎಂದರು. ಅಕ್ಕ ಕೊಟ್ಟಳು.

ಟ್ರಿಮ್ಮರು ಒಯ್ಯಲು ಕ್ಷೌರದಂಗಡಿಯವನು ಬಂದ. ನಾನು ಚೀಟಿ ಬರೆದು, ಅಭ್ಯಾಸಬಲದಿಂದ ಕೆಳಗೆ ಸಹಿ ಹಾಕಲು ಹೋದೆ. ಕೈ ಅಲ್ಲೇ ನಿಂತಿತು. ಭೂಮಿಯ ಆ ತುದಿಯ ಕಾರ್ಖಾನೆಗೆ ಮಾಲೀಕಳಾದವಳು ಈ ಹನ್ನೆರಡು ಅಡಿ ಅಂಗಡಿಯಲ್ಲಿ ಒಂದು ದಿನವೂ ಸಹಿ ಹಾಕಿರಲಿಲ್ಲ. ನನಗೆ ನಾಚಿಕೆಯಾಯಿತು. ಚೀಟಿಪುಸ್ತಕವನ್ನು ಅವಳ ಕಡೆ ತಳ್ಳಿದೆ.

"ಏನೋ ಇದು?"

"ಮಾಲೀಕರ ಸಹಿ ಅಂತಿದೆ. ಹಾಕು."

ಅಕ್ಕ ಕೈ ಒರೆಸಿಕೊಂಡಳು. ಆಮೇಲೆ ಪೆನ್ನು ತೆಗೆದುಕೊಂಡು ಒತ್ತಿದಳು, ಅದು ಟಕ್ಕೆನ್ನಲಿಲ್ಲ. "ಥೂ, ಎಂಥ ಪೆನ್ನಿಟ್ಕೊಂಡಿದೀಯೋ" ಎಂದು ನನ್ನನ್ನೇ ಬೈದು, ರೀಫಿಲ್ಲನ್ನು ಬೆರಳಲ್ಲಿ ಹಿಡಿದುಕೊಂಡು ಸಹಿ ಹಾಕಿದಳು.